75ರಿಂದ 30ಕ್ಕೆ ಇಳಿದ ಮೆಗಾಹರ್ಟ್ಸ್: ವಾಹನಗಳ ರೇಡಿಯೊ ಎಡವಿದ್ದೆಲ್ಲಿ?

ಲಾರಿಯ ಹಿಂದೆ ಹೋಗುತ್ತಿರುವ ಚಾಲಕನಿಗೆ, ಆ ಲಾರಿಯ ಮುಂದಿನ ಕಾರು ಗಕ್ಕನೆ ಬ್ರೇಕ್ ಹಾಕಿದ್ದು ಕಾಣುವುದಿಲ್ಲ. ಕ್ಯಾಮೆರಾಕ್ಕೂ ಕಾಣದು. ಆ ಕಾರೇ ರೇಡಿಯೊ ಮೂಲಕ ಸುತ್ತಲಿನ ಕೆಲವು ನೂರು ಮೀಟರಿಗೆ ಸಾರಿಬಿಟ್ಟರೆ ಹಿಂದಿನವರಿಗೆ ಎರಡು ಮೂರು ಸೆಕೆಂಡು ಸಿಗುತ್ತದೆ. ಇದೇ ಉದ್ದೇಶಕ್ಕೆ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 1999ರ ಅಕ್ಟೋಬರಿನಲ್ಲಿ 5.850ರಿಂದ 5.925 ಗಿಗಾಹರ್ಟ್ಸ್‌ವರೆಗಿನ 75 ಮೆಗಾಹರ್ಟ್ಸ್ ತರಂಗಾಂತರವನ್ನು ಮೀಸಲಿಟ್ಟಿತು. ವಾಹನಗಳ ಈ ಅಲ್ಪದೂರದ ರೇಡಿಯೊ ಸಂಪರ್ಕಕ್ಕೆ ಡಿಎಸ್‌ಆರ್‌ಸಿ ಎಂಬ ಹೆಸರು ಬಳಕೆಗೆ ಬಂತು. ಈಗ ಉಳಿದಿರುವುದು 30 ಮೆಗಾಹರ್ಟ್ಸ್, ಅದೂ ಬೇರೊಂದು ತಂತ್ರಜ್ಞಾನಕ್ಕೆ. ರೇಡಿಯೊ ಕೆಟ್ಟದಾಗಿತ್ತೆಂದು ಹೀಗಾದದ್ದಲ್ಲ.

ಹೊಸ ರೇಡಿಯೊ ಕಟ್ಟುವ ಬದಲು ಎಂಜಿನಿಯರುಗಳು ವೈಫೈಯನ್ನೇ ತಿದ್ದಿದರು. 2010ರಲ್ಲಿ ಅಂಗೀಕಾರವಾದ ಎಂಜಿನಿಯರುಗಳ ಸಂಸ್ಥೆ ಐಇಇಇಯ 802.11ಪಿ ಮಾನಕದಲ್ಲಿ ಚಾನೆಲ್ ಅಗಲ 20ರ ಬದಲು 10 ಮೆಗಾಹರ್ಟ್ಸ್. ಅಗಲ ಅರ್ಧವಾದರೆ ಪ್ರತಿ ಸಂಕೇತದ ಅವಧಿ ದುಪ್ಪಟ್ಟಾಗುತ್ತದೆ: 4 ಮೈಕ್ರೊಸೆಕೆಂಡ್ ಇದ್ದದ್ದು 8. ಸಂಕೇತಗಳ ನಡುವಿನ ಕಾವಲು ಅಂತರವೂ 0.8ರಿಂದ 1.6 ಮೈಕ್ರೊಸೆಕೆಂಡಿಗೆ ಏರುತ್ತದೆ. ಅಷ್ಟು ಹೊತ್ತಿನಲ್ಲಿ ತರಂಗ ಸಾಗುವುದು ಸುಮಾರು 480 ಮೀಟರ್. ದೂರದ ಕಟ್ಟಡಕ್ಕೋ ಸೇತುವೆಗೋ ಬಡಿದು ತಡವಾಗಿ ಬರುವ ಪ್ರತಿಧ್ವನಿ ಇದರಿಂದ ಮುಂದಿನ ಸಂಕೇತವನ್ನು ಕೆಡಿಸುವುದಿಲ್ಲ. ಇನ್ನೊಂದು ಬದಲಾವಣೆ, ಜಾಲಕ್ಕೆ ಸೇರುವ ಶಾಸ್ತ್ರವನ್ನೇ ಕೈಬಿಟ್ಟದ್ದು. ಮನೆಯ ವೈಫೈಗೆ ಮೊಬೈಲ್ ಸೇರುವಾಗ ನಡೆಯುವ ಮಾತುಕತೆಗೆ, ಎದುರುಬದುರು ಧಾವಿಸುವ ಕಾರುಗಳಲ್ಲಿ ಪುರುಸೊತ್ತಿಲ್ಲ. ಕಳಿಸುವವನು ಕಳಿಸುತ್ತಾನೆ, ಕೇಳಿಸಿಕೊಂಡವನು ಕೇಳಿಸಿಕೊಳ್ಳುತ್ತಾನೆ. ತಲುಪಿತೆಂಬ ರಸೀದಿ ಇಲ್ಲ.

ಹಳೆಯ ವೈಫೈಯ ಒಂದು ದೋಷವೂ ಜೊತೆಗೇ ಬಂತು. ತರಂಗದ ಹಾದಿ ಹೇಗಿದೆ ಎಂಬುದನ್ನು ಸಂದೇಶ ಪಡೆಯುವ ಸಾಧನ ಮುಖ್ಯವಾಗಿ ಸಂದೇಶದ ಆರಂಭದಲ್ಲೇ ಅಳೆಯುತ್ತದೆ. ವೇಗದಲ್ಲಿ ಆ ಹಾದಿ ಸಂದೇಶ ಮುಗಿಯುವುದರೊಳಗೇ ಬದಲಾಗಿರುತ್ತದೆ. ಉದ್ದದ ಸಂದೇಶದ ಬಾಲ ಕೆಡುತ್ತದೆ. ಹಾಗಾಗಿ ಸಂದೇಶ ಚಿಕ್ಕದಿರಬೇಕು.

ಚಿಕ್ಕದಾಗಿಯೇ ಇದೆ. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಜೆ2735 ಮಾನಕದ ಮೂಲ ಸುರಕ್ಷತಾ ಸಂದೇಶದಲ್ಲಿ ಇರುವುದು ಸ್ಥಾನ, ವೇಗ, ದಿಕ್ಕು, ವೇಗೋತ್ಕರ್ಷ, ಬ್ರೇಕ್ ಸ್ಥಿತಿ, ವಾಹನದ ಅಳತೆ. ಸೆಕೆಂಡಿಗೆ ಹತ್ತು ಸಲ ಹೊರಡುತ್ತದೆ. ಸುಳ್ಳು ಸಂದೇಶ ಬಿಡುವವರನ್ನು ತಡೆಯಲು ಐಇಇಇ 1609.2 ಎಂಬ ಭದ್ರತಾ ಮಾನಕದ ಪ್ರಕಾರ ಡಿಜಿಟಲ್ ಸಹಿ ಬೇಕು. ಆದರೆ ಒಂದೇ ಸಹಿ ಬಳಸುತ್ತ ಹೋದರೆ ಕಾರು ಎಲ್ಲೆಲ್ಲಿ ಹೋಯಿತೆಂದು ಯಾರು ಬೇಕಾದರೂ ಹಿಂಬಾಲಿಸಬಹುದು. ಅದಕ್ಕೆ ಅಮೆರಿಕದ ವಿನ್ಯಾಸದಲ್ಲಿ ಪ್ರತಿ ವಾಹನಕ್ಕೆ ವಾರಕ್ಕೆ 20 ಗುಪ್ತನಾಮದ ಪ್ರಮಾಣಪತ್ರ, ಸುಮಾರು ಐದು ನಿಮಿಷಕ್ಕೊಮ್ಮೆ ಬದಲಾವಣೆ. ಇದರ ಹೊರೆ ಸಣ್ಣದಲ್ಲ. ಸುತ್ತ 200 ವಾಹನಗಳಿದ್ದರೆ ಸೆಕೆಂಡಿಗೆ 2,000 ಸಹಿ ಪರೀಕ್ಷಿಸಬೇಕು. ಸಾಮಾನ್ಯ ಪ್ರೊಸೆಸರಿಗೆ ಅದು ಭಾರವಾಗಿ, ಇದಕ್ಕೆಂದೇ ಪ್ರತ್ಯೇಕ ಯಂತ್ರಾಂಶ ಬೇಕಾಯಿತು.

ದಟ್ಟಣೆಯ ಲೆಕ್ಕವನ್ನೂ ಮಾಡಿ ನೋಡಬಹುದು. ಸಹಿ ಸೇರಿ 300 ಬೈಟ್‌ನ ಸಂದೇಶ, ವೇಗ ಸೆಕೆಂಡಿಗೆ 6 ಮೆಗಾಬಿಟ್ ಎಂದುಕೊಂಡರೆ ಒಂದಕ್ಕೆ 0.4 ಮಿಲಿಸೆಕೆಂಡ್. ಹತ್ತು ಸಂದೇಶಕ್ಕೆ 4 ಮಿಲಿಸೆಕೆಂಡ್. ಕಾಗದದ ಮೇಲೆ 250 ವಾಹನಗಳಿಗೆ ಚಾನೆಲ್ ಭರ್ತಿ. ನಿಜದಲ್ಲಿ ಅದಕ್ಕೆ ಬಹಳ ಮೊದಲೇ ಸಂದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗುತ್ತವೆ. ಎಸ್‌ಎಇಯದೇ ಜೆ2945/1 ಮಾನಕ ಇದಕ್ಕೆ ಕೊಟ್ಟ ಪರಿಹಾರ, ವಾಹನಗಳು ಹೆಚ್ಚಿದಂತೆ ಸಂದೇಶಗಳ ನಡುವಿನ ಅಂತರವನ್ನು 100ರಿಂದ 600 ಮಿಲಿಸೆಕೆಂಡ್‌ವರೆಗೂ ಹಿಗ್ಗಿಸುವುದು. ದಟ್ಟಣೆಯಲ್ಲಿ ವೇಗವೂ ಕಡಿಮೆ ಇರುವುದರಿಂದ ಇದು ನಡೆಯುತ್ತದೆ.

2012ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಸುಮಾರು 2,800 ವಾಹನಗಳ ದೊಡ್ಡ ಪ್ರಯೋಗ ಶುರುವಾಯಿತು. ವ್ಯವಸ್ಥೆ ಕೆಲಸ ಮಾಡಿತು. ಹಾಗಾದರೆ ಕಂಪನಿಗಳು ಯಾಕೆ ಅಳವಡಿಸಲಿಲ್ಲ?

ಉತ್ತರ ಒಂದು ಗುಣಾಕಾರದಲ್ಲಿದೆ. ಎರಡೂ ವಾಹನದಲ್ಲಿ ಸಾಧನವಿದ್ದರೆ ಮಾತ್ರ ಪ್ರಯೋಜನ. ರಸ್ತೆಯ ಶೇ 10 ವಾಹನಗಳಲ್ಲಿ ಇದ್ದರೆ ಎದುರಾಗುವ ಜೋಡಿಗಳಲ್ಲಿ ಶೇ 1ಕ್ಕೆ ಮಾತ್ರ ರಕ್ಷಣೆ. ಶೇ 30ರಲ್ಲಿ ಇದ್ದರೂ ಶೇ 9. ಅರ್ಧದಷ್ಟು ಜೋಡಿ ತಲುಪಲು ಶೇ 71 ವಾಹನಗಳು ಬೇಕು. ಏರ್‌ಬ್ಯಾಗ್ ಕೊಂಡವನಿಗೆ ಅಂದೇ ಲಾಭ. ಇಲ್ಲಿ ಮೊದಲು ಕೊಂಡವನಿಗೆ ಏನೂ ಇಲ್ಲ. ಇಂಥದ್ದನ್ನು ಮಾರುಕಟ್ಟೆಗೆ ಬಿಟ್ಟರೆ ಆಗದು, ಕಾನೂನೇ ಕಡ್ಡಾಯ ಮಾಡಬೇಕು. ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಹೊಸ ಕಾರುಗಳಿಗೆ ಕಡ್ಡಾಯ ಮಾಡುವ ಕರಡನ್ನು ಹೊರಡಿಸಿದ್ದು 2016ರ ಡಿಸೆಂಬರಿನಲ್ಲಿ, ತರಂಗಾಂತರ ಕೊಟ್ಟ 17 ವರ್ಷಕ್ಕೆ. ಅದು ಅಲ್ಲೇ ಕೊಳೆತು, 2023ರಲ್ಲಿ ವಾಪಸಾಯಿತು. ಅಷ್ಟರಲ್ಲಿ ಜನರಲ್ ಮೋಟರ್ಸ್ 2017ರ ಕ್ಯಾಡಿಲಾಕ್ ಸಿಟಿಎಸ್‌ನಲ್ಲಿ ಡಿಎಸ್‌ಆರ್‌ಸಿ ಕೊಟ್ಟಿತ್ತು. ಟೊಯೊಟಾ 2021ರಿಂದ ಕೊಡುವುದಾಗಿ 2018ರಲ್ಲಿ ಸಾರಿ, ಮರುವರ್ಷ ತಡೆಹಿಡಿಯಿತು.

ಜಪಾನ್ ಬೇರೆ ಹಾದಿ ಹಿಡಿಯಿತು. 5.9 ಗಿಗಾಹರ್ಟ್ಸ್ ತರಂಗ ಮೂಲೆಯ ಕಟ್ಟಡ ಬಳಸಿ ಬಾಗುವುದು ಕಷ್ಟ; 760 ಮೆಗಾಹರ್ಟ್ಸ್ ಸುಲಭವಾಗಿ ಬಾಗುತ್ತದೆ. ಕುರುಡು ತಿರುವುಗಳಿಗೆ ಇದೇ ವಾಸಿ. 2015ರಿಂದ ಅಲ್ಲಿ ಕಾರುಗಳಲ್ಲಿ ಬಂತು. ಯುರೋಪಿನಲ್ಲಿ 802.11ಪಿ ಆಧಾರಿತ ಐಟಿಎಸ್-ಜಿ5 ಬಂತು, 2019ರ ಕೊನೆಗೆ ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಎಂಟನೇ ಆವೃತ್ತಿಯಲ್ಲಿ ಸೇರಿತು. ಆದರೆ ಅದಕ್ಕೆ ಒತ್ತಾಸೆಯಾಗಬೇಕಿದ್ದ ನಿಯಮವನ್ನು ಸದಸ್ಯ ರಾಷ್ಟ್ರಗಳ ಮಂಡಳಿ ಅದೇ ವರ್ಷದ ಜುಲೈನಲ್ಲಿ ತಳ್ಳಿಹಾಕಿತ್ತು.

ಕಾರಣ, ಪ್ರತಿಸ್ಪರ್ಧಿ ಹುಟ್ಟಿತ್ತು. ಮೊಬೈಲ್ ಜಾಲಗಳ ಮಾನಕ ರೂಪಿಸುವ 3ಜಿಪಿಪಿ ತನ್ನ 14ನೇ ಬಿಡುಗಡೆಯಲ್ಲಿ ಎಲ್‌ಟಿಇ, ಅಂದರೆ 4ಜಿ ಮೊಬೈಲ್ ತಂತ್ರಜ್ಞಾನದ ಮೂಲದ ಸಿ-ವಿ2ಎಕ್ಸ್ ಎಂಬ ವಾಹನ ಸಂಪರ್ಕ ವ್ಯವಸ್ಥೆ ರೂಪಿಸಿತು. ಟವರ್ ಇಲ್ಲದೆಯೂ ವಾಹನದಿಂದ ವಾಹನಕ್ಕೆ ನೇರ ಸಂದೇಶ ಸಾಧ್ಯ. ಸಾಧನ ಒಂದು ಸೆಕೆಂಡು ಆಲಿಸಿ, ಖಾಲಿ ಕಂಡ ಸಮಯದ ಗೂಡನ್ನು ಆರಿಸಿ, ಕೆಲಕಾಲ ಅದನ್ನೇ ಮತ್ತೆ ಮತ್ತೆ ಬಳಸುತ್ತದೆ. ಇದಕ್ಕೆ ವ್ಯಾಪ್ತಿ ತುಸು ಹೆಚ್ಚು. ದೋಷವೂ ಅಲ್ಲೇ ಇದೆ: ಇಬ್ಬರು ಒಂದೇ ಗೂಡು ಆರಿಸಿದರೆ ಮರುಆಯ್ಕೆಯವರೆಗೂ ಪ್ರತಿ ಸಲವೂ ಡಿಕ್ಕಿ, ಮತ್ತು ಅವರಿಬ್ಬರಿಗೆ ಪರಸ್ಪರರ ಸಂದೇಶ ಕೇಳಿಸುವುದೇ ಇಲ್ಲ. 802.11ಪಿಯಲ್ಲಿ ಡಿಕ್ಕಿಯಾದರೆ ಮುಂದಿನ ಸಲ ಬಹುಶಃ ತಪ್ಪುತ್ತದೆ. ಎರಡರ ಸಂಕೇತ ವಿಧಾನ ಬೇರೆಯಾದ್ದರಿಂದ ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗದು. ಚೀನಾ 2018ರಲ್ಲಿ 5.905–5.925 ಗಿಗಾಹರ್ಟ್ಸ್ ಅನ್ನು ಎಲ್‌ಟಿಇ ಮೂಲದ ಈ ವ್ಯವಸ್ಥೆಗೇ ಕೊಟ್ಟು ಚರ್ಚೆ ಮುಗಿಸಿತು.

ಅಮೆರಿಕದಲ್ಲಿ ವೈಫೈ ಕಂಪನಿಗಳು ಬಹುಪಾಲು ಖಾಲಿ ಬಿದ್ದ ಈ 75 ಮೆಗಾಹರ್ಟ್ಸ್ ತರಂಗಾಂತರದ ಮೇಲೆ ಕಣ್ಣಿಟ್ಟಿದ್ದವು. 2020ರ ನವೆಂಬರಿನಲ್ಲಿ ಎಫ್‌ಸಿಸಿ ಕೆಳಗಿನ 45 ಮೆಗಾಹರ್ಟ್ಸ್ ಅನ್ನು ಪರವಾನಗಿ ಬೇಡದ ವೈಫೈಗೂ, ಮೇಲಿನ 30 ಅನ್ನು ಸಿ-ವಿ2ಎಕ್ಸ್‌ಗೂ ಹಂಚಿತು. 2022ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2024ರ ನವೆಂಬರಿನ ಅಂತಿಮ ನಿಯಮ ಡಿಎಸ್‌ಆರ್‌ಸಿ ಬಳಕೆ ನಿಲ್ಲಿಸಲು ಎರಡು ವರ್ಷದ ಗಡುವು ಕೊಟ್ಟಿದೆ.

ವಾಹನಗಳೊಡನೆ ಮಾತಾಡುವ ರಸ್ತೆಬದಿಯ ಸಾಧನಗಳನ್ನು ನೋಡಿಕೊಳ್ಳುವವರಿಗೆ ಇದರರ್ಥ, ಸಾಫ್ಟ್‌ವೇರ್ ಬದಲಿಸಿದರೆ ಸಾಲದು, ರೇಡಿಯೊ ಚಿಪ್ಪೇ ಬದಲಾಗಬೇಕು. ಕಂಬ, ವಿದ್ಯುತ್, ಕೇಬಲ್ ಉಳಿಯುತ್ತವೆ. ಜೆ2735 ಸಂದೇಶ ಮತ್ತು 1609.2 ಸಹಿಯೂ ಹಾಗೆಯೇ ಸಾಗುತ್ತವೆ. ಉಳಿದ 30 ಮೆಗಾಹರ್ಟ್ಸ್ ಅನ್ನು ಹತ್ತರ ಮೂರು ಚಾನೆಲ್ಲಾಗಿಯೋ ಕೂಡಿಸಿಯೋ ಬಳಸಬಹುದು. ಅತಿ ಕೆಳಗಿನ ಚಾನೆಲ್ 5.895 ಗಿಗಾಹರ್ಟ್ಸ್‌ನಲ್ಲಿ ವೈಫೈಗೆ ನೇರ ತಗುಲಿಕೊಂಡಿರುವುದರಿಂದ ಸೋರಿಕೆಯ ತೊಂದರೆ ಮೊದಲು ತಟ್ಟುವುದು ಅದಕ್ಕೆ. ಮುಖ್ಯ ಸುರಕ್ಷತಾ ಸಂದೇಶಗಳನ್ನು ಮೇಲಿನ ಚಾನೆಲ್‌ಗಳಲ್ಲಿ ಇಡುವುದು ಜಾಣತನ.