ಹಳದಿ ಮಾರ್ಕಿನ ಹಿಂದೊಂದು ನಂಬರ್ ಇರುತ್ತದೆ

ಕಳೆದ ಮದುವೆ ಸೀಸನ್‌ನಲ್ಲಿ ಹರಪನಹಳ್ಳಿ ಕಡೆಯ ಡಿಟಿಪಿ ಅಂಗಡಿಯವರೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ದಾವಣಗೆರೆಯ ನಮ್ಮ ಅಂಗಡಿಗೆ ಬಂದರು. ಸೆಕೆಂಡ್ ಹ್ಯಾಂಡ್ ಮಾಲು. ಕಂಪನಿಗಳು ಕೆಲವು ವರ್ಷ ಬಳಸಿ ಮಾರಿಬಿಡುತ್ತವಲ್ಲ, ಆ ಥರದ ಗಟ್ಟಿ ಬಾಡಿಯ ಆಫೀಸ್ ಲ್ಯಾಪ್‌ಟಾಪ್. ಇಂಟೆಲ್ ಆರನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, ಒಳಗೆ ಎಸ್‌ಎಸ್‌ಡಿ. ವಿಂಡೋಸ್ 10 ಚೆನ್ನಾಗಿಯೇ ಓಡುತ್ತಿತ್ತಂತೆ. ಆದರೆ ಲಗ್ನಪತ್ರಿಕೆ ಮಾಡುವ ಇವರ ಪೇಜ್‌ಮೇಕರ್, ಅದರ ಜೊತೆಗಿನ ಕನ್ನಡ ಸಾಫ್ಟ್‌ವೇರ್, ಆ ಸಾಫ್ಟ್‌ವೇರ್‌ನ ಲೈಸೆನ್ಸ್‌ಗಾಗಿ ಯುಎಸ್‌ಬಿಗೆ ಸಿಕ್ಕಿಸುವ ಡಾಂಗಲ್ ಎಲ್ಲವೂ ಹಳೇ ಕಾಲದವು. ಅದಕ್ಕೆ ಊರಿನ ಹುಡುಗನೊಬ್ಬನ ಕೈಲಿ ಫಾರ್ಮ್ಯಾಟ್ ಹೊಡೆಸಿ ವಿಂಡೋಸ್ 7 ಹಾಕಿಸಿದ್ದರು.

"ಎಲ್ಲಾ ಸರಿ ಐತಿ ಸರ, ವೈಫೈ ಒಂದು ಬರ್ತಿಲ್ಲ" ಅಂದರು.

ಕಂಪ್ಯೂಟರ್ ಒಳಗಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೆ. ಆರು ಹಳದಿ ಮಾರ್ಕ್. ಅಂದರೆ ಆರು ಭಾಗಗಳಿಗೆ ಡ್ರೈವರ್, ಅಂದರೆ ಅವನ್ನು ವಿಂಡೋಸ್ ನಡೆಸಲು ಬೇಕಾದ ಸಣ್ಣ ಸಾಫ್ಟ್‌ವೇರ್, ಸಿಕ್ಕಿಲ್ಲ.

ಇಂಥ ಲ್ಯಾಪ್‌ಟಾಪ್ ನಮ್ಮಲ್ಲಿಗೆ ತಿಂಗಳಿಗೆ ಒಂದೆರಡಾದರೂ ಬರುತ್ತವೆ. ಬಂದವರೆಲ್ಲ ಒಂದೇ ಕೆಲಸ ಮಾಡಿರುತ್ತಾರೆ. ಲ್ಯಾಪ್‌ಟಾಪಿನ ಮಾಡೆಲ್ ಹೆಸರು, ಮುಂದೆ 'ವಿಂಡೋಸ್ 7 ವೈಫೈ ಡ್ರೈವರ್' ಅಂತ ಗೂಗಲ್‌ನಲ್ಲಿ ಹೊಡೆದು, ಸಿಕ್ಕಿದ್ದನ್ನೆಲ್ಲ ಇಳಿಸಿ ಒಂದಾದ ಮೇಲೊಂದು ಹಾಕಿರುತ್ತಾರೆ. ಮಾಡೆಲ್ ಹೆಸರು ನಂಬಿ ಹೊರಟರೆ ದಾರಿ ತಪ್ಪುವುದೇ ಜಾಸ್ತಿ. ಒಂದೇ ಮಾಡೆಲ್‌ನಲ್ಲಿ ಒಂದಕ್ಕೆ ಇಂಟೆಲ್ ವೈಫೈ ಕಾರ್ಡ್, ಇನ್ನೊಂದಕ್ಕೆ ರಿಯಲ್‌ಟೆಕ್, ಮತ್ತೊಂದಕ್ಕೆ ಕ್ವಾಲ್‌ಕಾಮ್ ಕಾರ್ಡ್ ಇರುತ್ತದೆ. ಹೊರಗಿನ ಸ್ಟಿಕ್ಕರ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಒಳಗಿರುವ ಚಿಪ್ಪನ್ನೇ ಕೇಳಬೇಕು.

ಕೇಳುವುದು ಕಷ್ಟವೇನಲ್ಲ. ಹಳದಿ ಮಾರ್ಕಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್ ಟ್ಯಾಬ್, ಅಲ್ಲಿನ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡಿ. ಉದ್ದನೆಯ ಒಂದು ಸಾಲು ಕಾಣುತ್ತದೆ. ಅದರಲ್ಲಿ 'ವೆನ್' ಅಂತ ಇರುವುದರ ಮುಂದಿನ ನಾಲ್ಕು ಅಕ್ಷರ ಚಿಪ್ ಮಾಡಿದ ಕಂಪನಿಯದು. 'ಡೆವ್' ಮುಂದಿನ ನಾಲ್ಕು ಆ ಚಿಪ್ಪಿನದೇ ನಂಬರ್. 8086 ಅಂದರೆ ಇಂಟೆಲ್, ಅವರ ಹಳೆಯ ಪ್ರೊಸೆಸರ್‌ನ ಹೆಸರನ್ನೇ ಗುರುತಾಗಿ ಇಟ್ಟುಕೊಂಡಿದ್ದಾರೆ. 10ಇಸಿ ರಿಯಲ್‌ಟೆಕ್, 10ಡಿಇ ಎನ್‌ವಿಡಿಯಾ, 1002 ಎಎಂಡಿ, 14ಇ4 ಬ್ರಾಡ್‌ಕಾಮ್, 168ಸಿ ಅಥೆರಾಸ್. ಅದೇ ಸಾಲಿನಲ್ಲಿ 'ಸಬ್‌ಸಿಸ್' ಅಂತಲೂ ಒಂದಿರುತ್ತದೆ. ಅದರ ಕೊನೆಯ ನಾಲ್ಕು ಅಕ್ಷರ ಲ್ಯಾಪ್‌ಟಾಪ್ ಕಂಪನಿಯ ಗುರುತು: 1028 ಡೆಲ್, 103ಸಿ ಎಚ್‌ಪಿ, 17ಎಎ ಲೆನೊವೊ. ಇದು ಯಾಕೆ ಬೇಕು ಅಂತ ಆಮೇಲೆ ಹೇಳುತ್ತೇನೆ.

ನಿಜ ಹೇಳಬೇಕೆಂದರೆ ಈ ಕೆಲಸ ಫಾರ್ಮ್ಯಾಟ್‌ಗೂ ಮೊದಲೇ ಆಗಬೇಕು. ವಿಂಡೋಸ್ 10 ಓಡುತ್ತಿರುವಾಗ ಪ್ರತಿಯೊಂದು ಚಿಪ್ಪೂ ತನ್ನ ಪೂರ್ತಿ ಹೆಸರು ಹೇಳುತ್ತಿರುತ್ತದೆ. ಆಗಲೇ ಬರೆದಿಟ್ಟುಕೊಳ್ಳದೆ, ಅದನ್ನು ಅಳಿಸಿಹಾಕಿ, ಆಮೇಲೆ 'ನೀನ್ಯಾರಪ್ಪ' ಅಂತ ಕೇಳುವ ಪರಿಸ್ಥಿತಿ ತಂದುಕೊಳ್ಳುವುದು ಯಾಕೆ? ರನ್ ಬಾಕ್ಸ್‌ನಲ್ಲಿ ಎಂಎಸ್‌ಇನ್ಫೋ32 ಅಂತ ಟೈಪ್ ಮಾಡಿ, ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಕೊಟ್ಟರೆ ಮುಖ್ಯವಾದ ಚಿಪ್‌ಗಳ ಹೆಸರು, ಐಡಿ ಒಂದೇ ಟೆಕ್ಸ್ಟ್ ಫೈಲ್‌ಗೆ ಬಂದು ಬೀಳುತ್ತವೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಇದ್ದ ಡ್ರೈವರ್‌ಗಳನ್ನೇ ಬ್ಯಾಕಪ್ ತೆಗೆದು ವಾಪಸ್ ಹಾಕಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಅದೇ ವಿಂಡೋಸ್ ಮತ್ತೆ ಹಾಕುವುದಾದರೆ ಆಗುತ್ತದೆ. 10ರಿಂದ 7ಕ್ಕೆ ಇಳಿಯುವಾಗ ನಂಬುವಂತಿಲ್ಲ. ಡ್ರೈವರ್ ಫೋಲ್ಡರ್‌ನಲ್ಲಿ ಐಎನ್‌ಎಫ್ ಅಂತ ಕೊನೆಯಾಗುವ ಒಂದು ಫೈಲ್ ಇರುತ್ತದೆ, ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಯಾವ ವಿಂಡೋಸ್‌ಗೆ ಯಾವ ಚಿಪ್ ಅಂತ ಅದರಲ್ಲೇ ಬರೆದಿರುತ್ತದೆ. ವಿಂಡೋಸ್ 7ರ ಒಳಗಿನ ನಂಬರ್ 6.1. ಎಕ್ಸ್‌ಪಿಯದು 5.1, ಎಂಟರದು 6.2, 8.1ರದು 6.3. ಫೈಲ್‌ನಲ್ಲಿ ಬರೀ 10.0 ಇದ್ದು 6.1 ಇಲ್ಲವೆಂದರೆ ಆ ಡ್ರೈವರ್ ನಿಮಗಲ್ಲ. ನಿಮ್ಮ 'ಡೆವ್' ನಂಬರ್ ಹುಡುಕಿ. ಅದು ಸಿಗದಿದ್ದರೂ ಅಷ್ಟೇ, ಎಷ್ಟು ಸಲ ಸೆಟಪ್ ಓಡಿಸಿದರೂ ಹಳದಿ ಮಾರ್ಕ್ ಹೋಗಲ್ಲ. ಈ ಎರಡು ನಿಮಿಷದ ನೋಟ ಎಷ್ಟೋ ಮಧ್ಯಾಹ್ನಗಳನ್ನು ಉಳಿಸಿದೆ ನನಗೆ.

ಹರಪನಹಳ್ಳಿ ಲ್ಯಾಪ್‌ಟಾಪ್‌ಗೆ ಬರೋಣ. ಆ ಹುಡುಗನನ್ನು ಮೆಚ್ಚಲೇಬೇಕು, ಇನ್‌ಸ್ಟಾಲ್ ಮಾಡುವಷ್ಟಾದರೂ ದಾಟಿಸಿದ್ದ. ಆರನೇ ಜನರೇಶನ್‌ನಿಂದ ಇಂಟೆಲ್ ಹಳೆಯ ಯುಎಸ್‌ಬಿ 2 ಕಂಟ್ರೋಲರ್ ತೆಗೆದುಹಾಕಿತು. ವಿಂಡೋಸ್ 7ರ ಒರಿಜಿನಲ್ ಡಿಸ್ಕ್‌ನಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲ. ಹಾಗಾಗಿ ಪೆನ್‌ಡ್ರೈವ್‌ನಿಂದ ಬೂಟ್ ಆಗಿ ಸೆಟಪ್ ಶುರುವಾದ ಮೇಲೆ, ಅದೇ ಪೆನ್‌ಡ್ರೈವ್ ಅದರ ಕಣ್ಣಿಗೆ ಕಾಣುವುದಿಲ್ಲ! ಆಗ ಪರದೆ ಮೇಲೆ 'ಸಿಡಿ ಡಿವಿಡಿ ಡ್ರೈವರ್ ಇಲ್ಲ' ಅನ್ನುವ ಅರ್ಥದ ಮೆಸೇಜ್ ಬರುತ್ತದೆ. ಜನ ಸುಮ್ನೆ ಡಿವಿಡಿ ಡ್ರೈವರ್ ಹುಡುಕುತ್ತಾ ಕೂರುತ್ತಾರೆ. ಬೇಕಾಗಿರುವುದು ಯುಎಸ್‌ಬಿ 3 ಡ್ರೈವರ್. ಅದನ್ನು ಇನ್‌ಸ್ಟಾಲ್ ಪೆನ್‌ಡ್ರೈವ್‌ನ ಬೂಟ್ ಇಮೇಜ್ (ಸೆಟಪ್ ಶುರು ಮಾಡುವ ಫೈಲ್), ಇನ್‌ಸ್ಟಾಲ್ ಇಮೇಜ್ (ವಿಂಡೋಸ್ ಇರುವ ಫೈಲ್) ಎರಡಕ್ಕೂ ಮೊದಲೇ ಸೇರಿಸಿರಬೇಕು. ಹುಡುಗ ಹಾಗೆ ಸೇರಿಸಿದ ಪೆನ್‌ಡ್ರೈವ್ ಎಲ್ಲಿಂದಲೋ ತಂದಿದ್ದ. ಎಕ್ಸ್‌ಪಿ ಕಾಲದಲ್ಲಿ ಇದೇ ಗೋಳು ಹಾರ್ಡ್ ಡಿಸ್ಕ್‌ಗೆ ಇತ್ತು. ಸಾಟಾ ಡ್ರೈವರ್ ಇಲ್ಲದೆ 7ಬಿ ಅನ್ನುವ ನೀಲಿ ಪರದೆ ಬರುತ್ತಿತ್ತು, ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಮೂಲ ಸೆಟ್ಟಿಂಗ್‌ನಲ್ಲಿ, ಹಳೆಯ ಐಡಿಇ ಮೋಡ್‌ಗೆ ಬದಲಿಸಿ ದಾಟುತ್ತಿದ್ದೆವು. ಆ ನೀಲಿ ಬಣ್ಣ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊದಲು ನೆಟ್ ಬೇಕಲ್ಲ. ಆಂಡ್ರಾಯ್ಡ್ ಫೋನ್ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಹೆಚ್ಚಿನ ಸಲ ವಿಂಡೋಸ್ 7 ಅದನ್ನು ತಾನೇ ಗುರುತಿಸುತ್ತದೆ. ಆದರೂ ಡ್ರೈವರ್ ಇಳಿಸುವುದನ್ನು ನಾನು ಬೇರೆ ಕಂಪ್ಯೂಟರ್‌ನಲ್ಲೇ ಮಾಡುತ್ತೇನೆ. ಹೊಸದಾಗಿ ಹಾಕಿದ ಸೆವೆನ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇವತ್ತಿನ ಸೈಟುಗಳಲ್ಲಿ ಅರ್ಧಕ್ಕರ್ಧ ತೆರೆಯುವುದೇ ಇಲ್ಲ.

ಆರು ಮಾರ್ಕ್‌ಗಳಲ್ಲಿ 'ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್' ಅನ್ನುವುದು ಮಹಾ ಮೋಸದ ಹೆಸರು. ಕಮ್ಯುನಿಕೇಶನ್ ಅಂದ ತಕ್ಷಣ ಜನ ಅದನ್ನೇ ವೈಫೈ ಅಂದುಕೊಳ್ಳುತ್ತಾರೆ, ಇನ್ನು ಕೆಲವರು ಮೋಡೆಮ್ ಅನ್ನುತ್ತಾರೆ. ಐಡಿ ನೋಡಿದರೆ 8086, 9ಡಿ3ಎ. ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ ಅದು, ಚಿಪ್‌ಸೆಟ್‌ನೊಳಗಿನ ಬೇರೆಯೇ ಒಂದು ಪುಟ್ಟ ಕಂಟ್ರೋಲರ್. ನಿಜವಾದ ವೈಫೈ 'ನೆಟ್‌ವರ್ಕ್ ಕಂಟ್ರೋಲರ್' ಅನ್ನುವ ಹೆಸರಲ್ಲಿ ಕೆಳಗೆ ಕೂತಿತ್ತು: 8086, 24ಎಫ್3, ಅಂದರೆ ಇಂಟೆಲ್ 8260. 'ಈಥರ್ನೆಟ್ ಕಂಟ್ರೋಲರ್' 156ಎಫ್, ಕೇಬಲ್ ಸಿಕ್ಕಿಸುವ ಲ್ಯಾನ್. 'ಎಸ್‌ಎಂ ಬಸ್' ಮದರ್‌ಬೋರ್ಡ್‌ನ ಮುಖ್ಯ ಚಿಪ್ಪಾದ ಚಿಪ್‌ಸೆಟ್‌ನದು. ಇಂಟೆಲ್ ಚಿಪ್‌ಸೆಟ್ ಪ್ಯಾಕೇಜ್ ಹಾಕಿದರೆ ಮಾರ್ಕ್ ಹೋಗುತ್ತದೆ. ಆ ಪ್ಯಾಕೇಜ್ ಬಹುಪಾಲು ಮಾಡುವುದು ನಾಮಕರಣ ಮಾತ್ರ. ಅದಕ್ಕೇ ಚಿಪ್‌ಸೆಟ್ ಹಾಕಿದರೂ ಲ್ಯಾಪ್‌ಟಾಪ್ ಸ್ಪೀಡ್ ಆಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. 'ಪಿಸಿಐ ಡಿವೈಸ್' ಅಂತ ಇದ್ದದ್ದು 10ಇಸಿ, 522ಎ, ರಿಯಲ್‌ಟೆಕ್ ಕಾರ್ಡ್ ರೀಡರ್. ಆರನೆಯದು ಬರೀ 'ಅನ್‌ನೋನ್ ಡಿವೈಸ್'.

ಹಳದಿ ಇಲ್ಲದಿದ್ದರೂ ಸರಿ ಇಲ್ಲದ್ದು ಇನ್ನೊಂದಿತ್ತು, ಡಿಸ್ಪ್ಲೇ. 'ಸ್ಟ್ಯಾಂಡರ್ಡ್ ವಿಜಿಎ' ಅಂತ ಸಾಧುವಾಗಿ ಕೂತಿತ್ತು. ಅಕ್ಷರ ಎಳೆದಂತೆ ಕಾಣುತ್ತಿದ್ದವು, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಿರಲಿಲ್ಲ. ಇದು ವಿಂಡೋಸ್ ಹೇಗೋ ಸಂಭಾಳಿಸಲು ಹಾಕಿಕೊಂಡ ತನ್ನದೇ ಡ್ರೈವರ್. ಇಂಥದ್ದನ್ನು ಹಿಡಿಯಲು ಒಂದು ಗುರುತಿದೆ. ಡ್ರೈವರ್ ಟ್ಯಾಬ್‌ನಲ್ಲಿ ತಾರೀಕು ನೋಡಿ. 2006ರ ಜೂನ್ 21 ಅಂತ ಇದ್ದರೆ ಅದು ಮೈಕ್ರೋಸಾಫ್ಟ್‌ನದು. ಒಂದೇ ಚಿಪ್‌ಗೆ ಎರಡು ಡ್ರೈವರ್ ಸರಿಹೊಂದಿದರೆ ವಿಂಡೋಸ್ ಹೊಸ ತಾರೀಕಿನದನ್ನು ಆರಿಸಿಕೊಳ್ಳುತ್ತದೆ. ಅದಕ್ಕೆ ಮೈಕ್ರೋಸಾಫ್ಟ್ ತನ್ನ ಡ್ರೈವರ್‌ಗಳಿಗೆ ಬೇಕೆಂದೇ ಈ ಹಳೆಯ ತಾರೀಕು ಹಾಕುತ್ತದೆ, ಕಂಪನಿಯವರು ಕೊಟ್ಟದ್ದು ಗೆಲ್ಲಲಿ ಅಂತ. ಗೊತ್ತಿಲ್ಲದವರು 'ಅಯ್ಯೋ, 2006ರ ಡ್ರೈವರ್' ಅಂತ ಗಾಬರಿಯಾಗುತ್ತಾರೆ.

ಎಲ್ಲಿಂದ ಇಳಿಸುವುದು? ನಾನು ಮೊದಲು ಹೋಗುವುದು ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪೇಜ್‌ಗೆ, ಅಡಿಯಲ್ಲಿರುವ ಸೀರಿಯಲ್ ನಂಬರ್ ಹಿಡಿದುಕೊಂಡು. ಅಲ್ಲಿ ಎಷ್ಟೋ ಜನ ಎಡವುತ್ತಾರೆ. ನೀವು ಯಾವ ವಿಂಡೋಸ್‌ನಿಂದ ನೋಡುತ್ತಿದ್ದೀರೋ ಅದನ್ನೇ ಪೇಜ್ ತಾನಾಗಿ ಆರಿಸಿಕೊಂಡು, ಬೇರೆಯದನ್ನು ಬಚ್ಚಿಡುತ್ತದೆ. ಮೇಲಿನ ಪಟ್ಟಿಯಲ್ಲಿ ಕೈಯಾರೆ ವಿಂಡೋಸ್ 7 ಆರಿಸಬೇಕು, 32 ಬಿಟ್ಟೋ 64 ಬಿಟ್ಟೋ ಸರಿಯಾಗಿ ನೋಡಬೇಕು. ಆರನೇ ಜನರೇಶನ್‌ನ ಆಫೀಸ್ ಮಾಡೆಲ್‌ಗಳಿಗೆ ಸಾಮಾನ್ಯವಾಗಿ ಸೆವೆನ್ ಡ್ರೈವರ್ ಇರುತ್ತವೆ. ಆಗ ಎಷ್ಟೋ ಕಂಪನಿಗಳು ಸೆವೆನ್ ಬಿಡಲು ತಯಾರಿರಲಿಲ್ಲ, ಅವರಿಗೋಸ್ಕರ ಮಾಡಿದ್ದವು. ಮನೆಬಳಕೆಯ ಮಾಡೆಲ್‌ಗಳಿಗೆ ಹಲವು ಸಲ ಇರುವುದಿಲ್ಲ. ಆಗ ಅದೇ ಚಿಪ್ ಇರುವ ಆಫೀಸ್ ಮಾಡೆಲ್‌ನ ಪೇಜ್‌ನಿಂದ ತರುತ್ತೇನೆ. ಚಿಪ್ಪಿಗೆ ಡಬ್ಬದ ಹಂಗಿಲ್ಲ.

ವೈಫೈ, ಲ್ಯಾನ್‌ಗೆ ಚಿಪ್ ಕಂಪನಿಯ ಡ್ರೈವರ್ ನಡೆಯುತ್ತದೆ. ಆಡಿಯೋ ವಿಷಯದಲ್ಲಿ ಆ ಧೈರ್ಯ ಬೇಡ. ಮೇಲೆ ಹೇಳಿದ 'ಸಬ್‌ಸಿಸ್' ಇಲ್ಲಿಗೇ ಬೇಕು. ಆಡಿಯೋ ಐಡಿಯಲ್ಲಿ ಮಾತ್ರ ಲ್ಯಾಪ್‌ಟಾಪ್ ಕಂಪನಿಯ ಗುರುತು ಅದರ ಮೊದಲ ನಾಲ್ಕು ಅಕ್ಷರದಲ್ಲಿರುತ್ತದೆ. ಒಂದೇ ರಿಯಲ್‌ಟೆಕ್ ಚಿಪ್ಪನ್ನು ಒಂದೊಂದು ಕಂಪನಿ ಒಂದೊಂದು ಥರ ವೈರ್ ಮಾಡಿರುತ್ತದೆ. ಬೇರೆ ಡ್ರೈವರ್ ಹಾಕಿದರೆ ಸ್ಪೀಕರ್ ಬರುತ್ತದೆ, ಹೆಡ್‌ಫೋನ್ ಸಿಕ್ಕಿಸಿದರೂ ಸ್ಪೀಕರ್ ಬಂದ್ ಆಗಲ್ಲ, ಮೈಕ್ ಸತ್ತಿರುತ್ತದೆ. ಗ್ರಾಫಿಕ್ಸ್‌ನಲ್ಲೂ ಇಂಟೆಲ್ ಸೆಟಪ್ ಕೆಲವೊಮ್ಮೆ 'ನಿಮ್ಮ ಕಂಪ್ಯೂಟರ್ ಕಂಪನಿಯನ್ನೇ ಕೇಳಿ' ಅಂತ ವಾಪಸ್ ಕಳಿಸುತ್ತದೆ.

ಎರಡೂ ಕಡೆ ಸಿಗದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಅನ್ನುವ ಸೈಟು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಾರ್ಡ್‌ವೇರ್ ಐಡಿಯ 'ವೆನ್', 'ಡೆವ್' ಭಾಗವನ್ನು ಅದರ ಹುಡುಕು ಡಬ್ಬಿಯಲ್ಲಿ ಹಾಕಿದರೆ ಆ ಚಿಪ್ಪಿನ ಡ್ರೈವರ್‌ಗಳು ಬರುತ್ತವೆ, ಯಾವ ವಿಂಡೋಸ್‌ಗೆ ಅಂತಲೂ ಪಕ್ಕದಲ್ಲಿರುತ್ತದೆ. ಇಳಿಯುವುದು ಜಿಪ್ ಥರದ ಕ್ಯಾಬ್ ಫೈಲ್. ಅದನ್ನು ಬಿಚ್ಚಿ ಒಂದು ಫೋಲ್ಡರ್‌ನಲ್ಲಿಟ್ಟು, 'ಅಪ್‌ಡೇಟ್ ಡ್ರೈವರ್' ಕೊಟ್ಟು ಆ ಫೋಲ್ಡರ್ ತೋರಿಸಿದರೆ ಆಯ್ತು. ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಇರುವ, ಕಂಪ್ಯೂಟರ್ ಸ್ಕ್ಯಾನ್ ಮಾಡಿ 23 ಡ್ರೈವರ್ ಹಳತಾಗಿವೆ ಅಂತ ಹೆದರಿಸುವ ಸೈಟುಗಳ ಕಡೆ ತಲೆ ಹಾಕಬೇಡಿ. ಡ್ರೈವರ್ ಜೊತೆ ಅವು ಇನ್ನೇನೇನು ಒಳಗೆ ಬಿಡುತ್ತವೆ ಅನ್ನುವುದನ್ನು ತೊಳೆಯುವ ಕೆಲಸವೂ ಕೊನೆಗೆ ನಮ್ಮಂಥವರ ಟೇಬಲ್‌ಗೇ ಬರುತ್ತದೆ.

ಸರಿಯಾದ ವೈಫೈ ಡ್ರೈವರ್ ಹಾಕಿದೆ. ಮಾರ್ಕ್ ಹೋಗಲಿಲ್ಲ! ಒಳಗೆ ನೋಡಿದರೆ ಕೋಡ್ 52, ಡಿಜಿಟಲ್ ಸಹಿ ಪರೀಕ್ಷಿಸಲು ಆಗುತ್ತಿಲ್ಲ ಅಂತ. ಇದಕ್ಕೆ ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ. ಡ್ರೈವರ್ ಅಸಲಿಯೇ ಅಂತ ವಿಂಡೋಸ್ ಈ ಸಹಿಯಿಂದಲೇ ನೋಡುತ್ತದೆ. ಈಚಿನ ಡ್ರೈವರ್‌ಗಳಿಗೆ ಹಾಕುವುದು ಶಾ-2 ಅನ್ನುವ ಹೊಸ ಬಗೆಯ ಸಹಿ. ಹಳೇ ಡಿಸ್ಕ್‌ನಿಂದ ಹಾಕಿದ ಸೆವೆನ್‌ಗೆ ಆ ಸಹಿ ಓದಲು ಬರುವುದಿಲ್ಲ. ಸರ್ವಿಸ್ ಪ್ಯಾಕ್ 1 ಇದೆಯೇ ಅಂತ ನೋಡಿಕೊಂಡು, ಮೊದಲು ಕೆಬಿ 4490628, ಆಮೇಲೆ ಕೆಬಿ 4474419 ಅನ್ನುವ ಎರಡು ಅಪ್‌ಡೇಟ್ ಹಾಕಬೇಕು. ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ವೈಫೈ ತಾನಾಗಿ ಎದ್ದು ಕೂತಿತು. ಡ್ರೈವರ್ ಸರಿ ಇಲ್ಲ ಅಂತ ಅದನ್ನೇ ಹತ್ತು ಸಲ ಬದಲಿಸಿ ಕೊನೆಗೆ ಕಾರ್ಡೇ ಹೋಗಿದೆ ಅಂತ ಹೊಸ ಕಾರ್ಡ್ ಕೊಂಡವರನ್ನು ನೋಡಿದ್ದೇನೆ.

ಇದೇ ಕೆಲಸ ಏಳನೇ ಜನರೇಶನ್ ಅಥವಾ ಅದಕ್ಕಿಂತ ಹೊಸ ಲ್ಯಾಪ್‌ಟಾಪ್‌ಗೆ ಬಂದರೆ ನಾನು ಒಪ್ಪುವುದಿಲ್ಲ. ಮುಂದಿನ ಪ್ರೊಸೆಸರ್‌ಗಳಿಗೆ ವಿಂಡೋಸ್ 10 ಮಾತ್ರ ಅಂತ ಮೈಕ್ರೋಸಾಫ್ಟ್ 2016ರ ಜನವರಿಯಲ್ಲೇ ಹೇಳಿಬಿಟ್ಟಿತು. ಯಾರೋ ತಿದ್ದಿದ ಗ್ರಾಫಿಕ್ಸ್ ಡ್ರೈವರ್ ಹಾಕಿ ಎಳೆದಾಡಬಹುದು, ಆದರೆ ದುಡ್ಡು ತಗೊಂಡು ಕೊಡುವ ಕೆಲಸ ಅದಲ್ಲ. ಅಂಥವರಿಗೆ ವಿಂಡೋಸ್ 10 ಅಥವಾ 11ರ ಒಳಗೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿ, ಅದರೊಳಗೆ ಸೆವೆನ್ ಕೂರಿಸಿ ಕೊಡುತ್ತೇನೆ. ಯುಎಸ್‌ಬಿ ಡಾಂಗಲ್ಲನ್ನು ಒಳಗಿನ ಸೆವೆನ್‌ಗೆ ದಾಟಿಸಬಹುದು. ಡ್ರೈವರ್ ಹುಡುಕುವ ತಲೆನೋವೇ ಇಲ್ಲ. ಹರಪನಹಳ್ಳಿಯವರಿಗೂ ಫಾರ್ಮ್ಯಾಟ್‌ಗೆ ಮೊದಲು ಬಂದಿದ್ದರೆ ಇದನ್ನೇ ಹೇಳುತ್ತಿದ್ದೆ. ಸೆವೆನ್‌ಗೆ ಸೆಕ್ಯುರಿಟಿ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ಅವರಿಗೆ ಫೋನ್‌ಪೇ, ಬ್ಯಾಂಕು ಏನಿದ್ದರೂ ಮೊಬೈಲ್‌ನಲ್ಲೇ ಮಾಡಿ, ಇದರಲ್ಲಿ ಬರೀ ಲಗ್ನಪತ್ರಿಕೆ ಅಂತ ಎರಡು ಸಲ ಹೇಳಿ ಕಳಿಸಿದೆ.

ಇಳಿಸಿದ ಡ್ರೈವರ್ ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ನೆಟ್‌ನಲ್ಲಿ ಇದ್ದೇ ಇರುತ್ತಲ್ಲ ಅನ್ನುವ ಭರವಸೆ ನನಗಿಲ್ಲ. ಇಂಟೆಲ್ 2019ರ ನವೆಂಬರ್‌ನಲ್ಲಿ ತನ್ನ ಸೈಟಿನಿಂದ ಎಷ್ಟೋ ಹಳೆಯ ಡ್ರೈವರ್, ಬಯಾಸ್ ಫೈಲ್‌ಗಳನ್ನು ತೆಗೆದುಹಾಕಿತು. ಅವರು ಆ ಪೆನ್‌ಡ್ರೈವನ್ನು ಒಂದು ಲಗ್ನಪತ್ರಿಕೆ ಕವರ್‌ನೊಳಗೆ ಹಾಕಿ, ಮೇಲೆ ಲ್ಯಾಪ್‌ಟಾಪ್ ಹೆಸರು ಬರೆದು ಬ್ಯಾಗಿಗೆ ಸೇರಿಸಿದರು.

ಆರನೆಯ ಮಾರ್ಕ್ ಮಾತ್ರ ಉಳಿದಿತ್ತು. ಐಡಿ ನೋಡಿದರೆ ಎಸ್‌ಎಂಒ8800. ಲ್ಯಾಪ್‌ಟಾಪ್ ಕೈಜಾರಿ ಬೀಳುವುದನ್ನು ಗುರುತಿಸಿ, ನೆಲ ಮುಟ್ಟುವುದರೊಳಗೆ ಹಾರ್ಡ್ ಡಿಸ್ಕ್‌ನ ಹೆಡ್ಡನ್ನು ಪಕ್ಕಕ್ಕೆ ಸರಿಸಲು ಇಟ್ಟ ಸೆನ್ಸರ್. ಒಳಗಿರುವುದು ಎಸ್‌ಎಸ್‌ಡಿ, ಅದರಲ್ಲಿ ಹೆಡ್ಡೂ ಇಲ್ಲ, ತಿರುಗುವ ತಟ್ಟೆಯೂ ಇಲ್ಲ. ಹಾಗಾಗಿ ಇದನ್ನು ಬಿಟ್ಟುಬಿಡಿ ಅಂದೆ.

"ಅದೊಂದ್ಯಾಕ ಉಳೀಬೇಕು ಸರ? ಹಳದಿ ಕಂಡ್ರ ಮನಸ್ಸಿಗೆ ಸಮಾಧಾನ ಇರಲ್ಲ."

ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಟ್ಟೆ. ಹಳದಿ ಹೋಗಿ ಕೆಳಮುಖದ ಸಣ್ಣ ಬಾಣ ಬಂತು. ಆ ಬಾಣ ಏನು ಅಂತ ಕೇಳಲು ಇಲ್ಲಿಯವರೆಗೆ ಫೋನ್ ಬಂದಿಲ್ಲ.