ಚಾಪ್ಸ್ ಯಾಕೆ ಗಟ್ಟಿಯಾಯ್ತು ಅಂತ ಕೇಳಿದವರಿಗೆ

ಹೋದ ತಿಂಗಳು ಅಕ್ಕನ ಮನೆಯವರನ್ನು ಕರೆದುಕೊಂಡು ಬಳ್ಳಾರಿಯ ಒಂದು ಹೊಸ ರೆಸ್ಟೋರೆಂಟಿಗೆ ಹೋಗಿದ್ದೆ. ಹೆಸರು ಬೇಡ. ಮೆನುವಿನಲ್ಲಿ ‘ಮಟನ್ ಚಾಪ್ಸ್ ಸ್ಟೇಕ್’ ಅಂತ ಇತ್ತು. ಅಕ್ಕನ ಮಗ ಅದನ್ನೇ ಹೇಳಿದ. ಕಾದ ಕಬ್ಬಿಣದ ತಟ್ಟೆಯಲ್ಲಿ ಚುರ್ ಅಂತ ಸದ್ದು ಮಾಡುತ್ತಾ, ಹೊಗೆ ಎಬ್ಬಿಸಿಕೊಂಡು ಬಂತು. ಪಕ್ಕದ ಟೇಬಲಿನವರೆಲ್ಲ ತಿರುಗಿ ನೋಡಿದರು. ಹುಡುಗ ಚಾಕು ಹಾಕಿದ. ಮಾಂಸ ಹರಿಯಲಿಲ್ಲ, ತಟ್ಟೆಯೇ ಜರುಗಿತು. ಎರಡು ಮೂರು ನಿಮಿಷಕ್ಕೆ ಹೊಗೆ ನಿಂತಿತು. ನೋಡಿದರೆ ಕೆಳಗಿನ ಎಲೆಕೋಸಿನ ಮೇಲೆಲ್ಲ ನೀರು, ಮಾಂಸದ ಬಣ್ಣ ಬೂದಿ, ಅದರ ಮೇಲೆ ದಪ್ಪಗೆ ಕರಿ ಸಾಸ್.

“ಮಾಮಾ, ದುಬೈನಾಗ ನೀನು ಇದನ್ನ ಮಾಡ್ತಿದ್ದಿ ಅಲ್ಲಾ? ಇದ್ಯಾಕ ಹಿಂಗಾತು?” ಅಂತ ಕೇಳಿದ.

ಅಲ್ಲಿ ಕೂತು ಪೂರ್ತಿ ಹೇಳೋಕೆ ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು 11 ವರ್ಷ ದುಬೈನ ಸ್ಟೇಕ್‌ಹೌಸ್ ಒಂದರಲ್ಲಿ ಗ್ರಿಲ್ ಮುಂದೆ ನಿಂತವನು. ಈಗ ಬಳ್ಳಾರಿಯಲ್ಲಿ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತೇನೆ. ಗಂಗಾವತಿ, ಸಿಂಧನೂರು ಕಡೆ ಹೊಸ ಹೋಟೆಲು ಹಾಕುವವರು ಕರೆದರೆ ಹೋಗಿ ಹುಡುಗರಿಗೆ ಕೆಲಸ ಕಲಿಸುತ್ತೇನೆ. ಸ್ಟೇಕ್ ಅಂದರೆ ಮೂಲದಲ್ಲಿ ದನದ ಮಾಂಸದ ದಪ್ಪ ತುಂಡು. ರಿಬ್‌ಐ, ಸರ್ಲಾಯಿನ್, ಟೆಂಡರ್‌ಲಾಯಿನ್ ಅಂತ ಒಂದೊಂದು ಭಾಗಕ್ಕೆ ಒಂದೊಂದು ಹೆಸರು. ನಮ್ಮ ರಾಜ್ಯದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನಂತೆ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೆ ಯಾವ ದನ, ಎಮ್ಮೆಯನ್ನೂ ಕಡಿಯುವ ಹಾಗಿಲ್ಲ. ಹಾಗಾಗಿ ಇಲ್ಲಿ ಸ್ಟೇಕ್ ಅಂದರೆ ಸಾಮಾನ್ಯವಾಗಿ ಕುರಿ, ಕೋಳಿ ಅಥವಾ ಮೀನು. ಪ್ರಾಣಿ ಬೇರೆಯಾದರೂ ಮಾಂಸ ನಡೆದುಕೊಳ್ಳುವ ರೀತಿ ಒಂದೇ. ಒಳ್ಳೆ ಸ್ಟೇಕ್‌ಹೌಸಿನ ಊಟಕ್ಕೂ ಕೆಟ್ಟ ಊಟಕ್ಕೂ ಇರುವ ವ್ಯತ್ಯಾಸವೇ ನಮ್ಮೂರ ಚಾಪ್ಸ್‌ನಲ್ಲೂ ಇದೆ. ಒಲೆಗೆ ಇಡುವ ಮೊದಲು ಎಷ್ಟು ಕಾದರು, ಇಳಿಸಿದ ಮೇಲೆ ಎಷ್ಟು ಕಾದರು ಅನ್ನೋದರಲ್ಲೇ ಮುಕ್ಕಾಲು ಭಾಗ ತೀರ್ಮಾನವಾಗಿರುತ್ತದೆ.

ಮೊದಲು ಕೊಯ್ದ ಹೊತ್ತಿನ ವಿಷಯ. ‘ಈಗ ತಾನೇ ಕೊಯ್ದದ್ದು’ ಅಂದರೆ ನಮ್ಮ ಜನಕ್ಕೆ ಭಾರಿ ನಂಬಿಕೆ. ಸಾರಿಗೆ ಅದು ಸರಿ. ಕುಕ್ಕರಿನಲ್ಲಿ ಅಥವಾ ಪಾತ್ರೆಯಲ್ಲಿ ಬಹಳ ಹೊತ್ತು ಬೇಯುವುದರಿಂದ ಹೇಗಿದ್ದರೂ ಮೆತ್ತಗಾಗುತ್ತದೆ. ಕೆಂಡದ ಮೇಲೆ ಹತ್ತು ನಿಮಿಷ ಇಡುವ ಮಾಂಸಕ್ಕೆ ಅದೇ ಮಾತು ನಡೆಯುವುದಿಲ್ಲ. ಪ್ರಾಣ ಹೋದ ಕೂಡಲೇ ಮಾಂಸ ಮೆತ್ತಗೇ ಇರುತ್ತದೆ. ಸ್ನಾಯುವಿನಲ್ಲಿ ಉಳಿದ ಶಕ್ತಿ ತೀರುತ್ತಾ ಬಂದ ಹಾಗೆ, ಕೆಲವು ಗಂಟೆಗಳಲ್ಲಿ, ಬಿಗಿದುಕೊಳ್ಳುತ್ತದೆ. ಆಮೇಲೆ ಅದರೊಳಗಿನ ಕಿಣ್ವಗಳೇ ಎಳೆಗಳನ್ನು ಸಡಿಲ ಮಾಡುತ್ತವೆ. ಅದಕ್ಕೆ ತಣ್ಣನೆ ಜಾಗದಲ್ಲಿ ಒಂದೆರಡು ದಿನ ಬೇಕು. ಭಾನುವಾರ ಬೆಳಗಿನ ಜಾವ ಕೊಯ್ದು, ಒಂಬತ್ತಕ್ಕೆ ಹೋಟೆಲಿಗೆ ಬಂದು, ಮಧ್ಯಾಹ್ನ ತಟ್ಟೆಗೆ ಬಿದ್ದರೆ ಸರಿಯಾಗಿ ಬಿಗಿದುಕೊಂಡ ಹೊತ್ತಲ್ಲೇ ತಿಂದ ಹಾಗೆ. ದುಬೈನಲ್ಲಿ ನಾವು ದನದ ಮಾಂಸವನ್ನು 21ರಿಂದ 28 ದಿನ ತಣ್ಣನೆ ಕೋಣೆಯಲ್ಲಿ ಇಟ್ಟು ಆಮೇಲೆ ಕತ್ತರಿಸುತ್ತಿದ್ದೆವು. ಕುರಿಗೆ ಅಷ್ಟು ಬೇಡ, ಎರಡು ದಿನ ಸಾಕು.

ಆದರೆ ಇಲ್ಲೊಂದು ತಪ್ಪು ಆಗುತ್ತದೆ. ಅದನ್ನು ನಾನು ಎಷ್ಟೋ ಅಡುಗೆಮನೆಯಲ್ಲಿ ನೋಡಿದ್ದೇನೆ. ಬೆಚ್ಚಗಿರುವ ಮಾಂಸವನ್ನೇ ತಂದು ಸೀದಾ ಡೀಪ್ ಫ್ರೀಜರಿಗೆ ತಳ್ಳುತ್ತಾರೆ. ಬಿಗಿಯುವ ಮೊದಲೇ ಹಾಗೆ ತಣ್ಣಗಾದರೆ ಎಳೆಗಳು ಗಟ್ಟಿಯಾಗಿ ಕುಗ್ಗಿಬಿಡುತ್ತವೆ, ಆಮೇಲೆ ಎಷ್ಟು ದಿನ ಇಟ್ಟರೂ ಸರಿಹೋಗುವುದಿಲ್ಲ. ಮೊದಲ 10 ಗಂಟೆಯೊಳಗೆ 10 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ ಅನ್ನೋದು ಮಾಂಸದ ಉದ್ಯಮದವರ ಹಳೆಯ ಲೆಕ್ಕ. ಹಾಗಂತ ಹೊರಗೆ ಬಿಡೋ ಹಾಗೂ ಇಲ್ಲ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ 40 ಡಿಗ್ರಿ ದಾಟಿರುತ್ತದೆ, ಮಾಂಸ ನೋಡ್ತಾ ನೋಡ್ತಾ ಕೆಡುತ್ತದೆ. ಅದಕ್ಕೆ ಮೊದಲು ಸುಮಾರು 12 ಡಿಗ್ರಿಯ ಕೂಲರ್, ಆಮೇಲೆ 2ರಿಂದ 4 ಡಿಗ್ರಿಯ ಫ್ರಿಜ್. ಎರಡು ಹಂತ ಬೇಕೇ ಬೇಕು. ಇದಕ್ಕೆ ದುಡ್ಡು ಖರ್ಚಾಗುತ್ತದೆ, ನಿಜ. ಗೋಡೆಗೆ ಬಣ್ಣದ ಲೈಟು ಹಾಕಿಸುವ ಬದಲು ಇದಕ್ಕೆ ಹಾಕಿ ಅಂತ ಹೋದಲ್ಲೆಲ್ಲ ಹೇಳುತ್ತೇನೆ.

ಇನ್ನು ಯಾವ ಕುರಿ, ಯಾವ ಭಾಗ ಅನ್ನೋದು. ಈ ವಿಷಯದಲ್ಲಿ ನಾವು ಪುಣ್ಯವಂತರು. ಬಳ್ಳಾರಿ ಅನ್ನೋ ಹೆಸರಿನದೇ ಕುರಿ ತಳಿ ಇದೆ. ರಾಯಚೂರು, ಕೊಪ್ಪಳ ಕಡೆ ಕೆಂಪು ಬಣ್ಣದ ಕೆಂಗುರಿ ಇದೆ. ಅಡ್ಡಾಡಿ ಮೇಯುವ ಕುರಿ, ರುಚಿ ಚೆನ್ನಾಗಿರುತ್ತದೆ, ಆದರೆ ಓಡಾಡಿದ ಕಾಲಿನ ಮಾಂಸ ಸ್ವಲ್ಪ ಗಟ್ಟಿ. ಗ್ರಿಲ್ಲಿಗೆ ಹಾಲುಹಲ್ಲಿನ ಮರಿ ಅಥವಾ ಆಗಷ್ಟೇ ಎರಡು ಹಲ್ಲು ಬಂದದ್ದು ಸರಿ. ವಯಸ್ಸಾದ ಟಗರು ಸಾರಿಗೆ ಬಲು ರುಚಿ, ಕೆಂಡಕ್ಕೆ ಬೇಡ.

ಮಾಂಸದ ಅಂಗಡಿಯಲ್ಲಿ ಚಾಪ್ (ಪಕ್ಕೆಲುಬಿನ ಭಾಗ), ಪುಠ್ (ಸೊಂಟ), ರಾನ್ (ತೊಡೆ), ದಸ್ತಿ (ಹೆಗಲು), ಸೀನಾ (ಎದೆ), ಗರ್ದನ್ (ಕುತ್ತಿಗೆ) ಅಂತಾರಲ್ಲ, ಅದರಲ್ಲಿ ಬೆನ್ನಿನ ಕಡೆಯ ಚಾಪ್ ಮತ್ತು ಪುಠ್ ಮಾತ್ರ ಬೇಗ ಸುಡೋಕೆ ಬರುವಂಥದ್ದು. ಆ ಭಾಗಕ್ಕೆ ಪ್ರಾಣಿ ಹೆಚ್ಚು ಕೆಲಸ ಕೊಡುವುದಿಲ್ಲ. ದಸ್ತಿ, ಗರ್ದನ್, ಸೀನಾದಲ್ಲಿ ಬಿಳಿ ಪೊರೆ ಜಾಸ್ತಿ. ಆ ಪೊರೆ ಕರಗಿ ಅಂಟಿನ ಹಾಗೆ ಆಗೋಕೆ 80 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಬೇಕು. ಹತ್ತು ನಿಮಿಷಕ್ಕೆ ಅದು ಕರಗುವುದಿಲ್ಲ, ಸುಮ್ನೆ ಬಿಗಿಯುತ್ತದೆ. ಅವತ್ತು ಹುಡುಗನ ತಟ್ಟೆಯಲ್ಲಿದ್ದ ಎಲುಬನ್ನು ಎತ್ತಿ ನೋಡಿದೆ. ಚಾಪ್‌ನ ಎಲುಬಾದರೆ ಬೆರಳಿನ ಹಾಗೆ ಸಣ್ಣಗೆ, ಉದ್ದಕ್ಕೆ, ಸ್ವಲ್ಪ ಬಾಗಿರುತ್ತದೆ. ಇದು ಚಪ್ಪಟೆಯಾಗಿ, ಒಂದು ಕಡೆ ಅಗಲವಾಗಿ, ಮಧ್ಯೆ ಏಣು ಇದ್ದ ಎಲುಬು. ದಸ್ತಿ! ಹೆಗಲಿನ ಮಾಂಸ ಕೊಯ್ದು ಚಾಪ್ಸ್ ಅಂತ ಕೊಟ್ಟಿದ್ದರು. ನೀವೂ ಒಮ್ಮೆ ಎಲುಬು ನೋಡಿ, ಬೇಗ ಗೊತ್ತಾಗುತ್ತದೆ.

ಒಲೆಯ ಹತ್ತಿರ ಬಂದರೆ ಶತ್ರು ಒಂದೇ, ನೀರು. ಮಾಂಸದ ಮೇಲೆ ಕಂದು ಬಣ್ಣದ ಪದರ ಬರುತ್ತದಲ್ಲ, ಆ ಘಮ, ಆ ರುಚಿ ಎಲ್ಲ ಅದರಲ್ಲೇ. ಮಾಂಸದ ಪ್ರೋಟೀನು, ಸಕ್ಕರೆ ಅಂಶ ಸೇರಿ ಆಗುವ ಕ್ರಿಯೆ ಅದು. 1912ರಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ರಸಾಯನ ವಿಜ್ಞಾನಿ ಮಯ್ಯಾರ್ ಹೆಸರಿನಿಂದಲೇ ಈಗಲೂ ಕರೆಯುತ್ತಾರೆ. ಅದು ಜೋರಾಗಿ ನಡೆಯೋಕೆ ಸುಮಾರು 140 ಡಿಗ್ರಿ ಬೇಕು. ಮೇಲೆ ನೀರಿದ್ದರೆ ಆ ನೀರು ಆರುವ ತನಕ 100 ಡಿಗ್ರಿ ದಾಟುವುದೇ ಇಲ್ಲ. ಅಷ್ಟರಲ್ಲಿ ಒಳಗೆ ಬೆಂದು ಒಣಗಿ ಹೋಗಿರುತ್ತದೆ. ಒದ್ದೆ ಮಾಂಸವನ್ನು ತವಾದ ತುಂಬಾ ಒತ್ತಿ ಒತ್ತಿ ಇಟ್ಟರೆ ಬುಸ್ ಅನ್ನೋ ಸದ್ದು ಬರುತ್ತದೆ. ಒಣಗಿದ ಮಾಂಸ ಬಿದ್ದರೆ ಚಟಪಟ ಅನ್ನುತ್ತದೆ. ಹುಡುಗರಿಗೆ ನಾನು ಕಿವಿಯಿಂದಲೇ ಕಲಿಸುವುದು. ಬುಸ್ ಅಂದರೆ ತೆಗೆದುಬಿಡು, ಬಟ್ಟೆಯಿಂದ ಒರೆಸು, ತವಾ ಕಾಯಿಸಿ ಮತ್ತೆ ಹಾಕು. ಉಪ್ಪು ಹಚ್ಚುವುದಾದರೆ ಮುಕ್ಕಾಲು ಗಂಟೆ ಮೊದಲು, ಇಲ್ಲವೇ ಇಡುವ ಕ್ಷಣದಲ್ಲಿ. ಹತ್ತು ನಿಮಿಷ ಮೊದಲು ಹಚ್ಚಿದರೆ ನೀರು ಬಿಟ್ಟುಕೊಂಡು ಕೂತಿರುತ್ತದೆ.

ಜೋರು ಉರಿಯಲ್ಲಿ ಮೊದಲು ಸುಟ್ಟರೆ ರಸ ಒಳಗೇ ಲಾಕ್ ಆಗುತ್ತದೆ ಅಂತ ಹೇಳುತ್ತಾರೆ. ಅದು ತಪ್ಪು. ಸುಡುವುದು ರುಚಿಗೆ, ರಸ ಅದರಿಂದ ನಿಲ್ಲುವುದಿಲ್ಲ.

ಪಪ್ಪಾಯಿ ಬಗ್ಗೆ ಒಂದು ಮಾತು. ಹಸಿ ಪಪ್ಪಾಯಿಕಾಯಿ ಅರೆದು ಹಚ್ಚಿದರೆ ಮಾಂಸ ಮೆತ್ತಗಾಗುತ್ತದೆ, ನಿಜ. ಅರ್ಧ ಗಂಟೆ, ಒಂದು ಗಂಟೆ ಸಾಕು. ಕೆಲವರು ರಾತ್ರಿಯೆಲ್ಲ ಬಿಡುತ್ತಾರೆ. ಬೆಳಿಗ್ಗೆ ಹೊರಗಿನ ಪದರ ಪೇಸ್ಟ್ ಆಗಿರುತ್ತದೆ, ಒಳಗೆ ಹಾಗೇ ಗಟ್ಟಿ. ಬಾಯಲ್ಲಿ ಹಿಟ್ಟು ಹಿಟ್ಟಾಗಿ, ಆಮೇಲೆ ನಾರು ಸಿಕ್ಕಿದರೆ ಅದು ಪಪ್ಪಾಯಿಯ ಕೆಲಸ ಅಂತ ತಿಳಿಯಿರಿ.

ಕೆಂಡದ ವಿಷಯ ನನಗೆ ಬಹಳ ಹತ್ತಿರದ್ದು. ಅಮೆರಿಕದ ಗ್ರಿಲ್ ಹೋಟೆಲುಗಳು ಮೆಸ್ಕೀಟ್ ಅನ್ನೋ ಮರದ ಇದ್ದಿಲನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ದುಬೈನ ನಮ್ಮ ಅಡುಗೆಮನೆಗೂ ಅದು ಚೀಲ ಚೀಲ ಬರುತ್ತಿತ್ತು. ಒಂದು ದಿನ ಆ ಹೊಗೆಯ ವಾಸನೆ ತಗೊಂಡಾಗ ಮನೆ ನೆನಪಾಯ್ತು, ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಮೆಸ್ಕೀಟ್ ಮತ್ತು ನಮ್ಮ ಬಳ್ಳಾರಿ ಜಾಲಿ ಎರಡೂ ಒಂದೇ ಕುಲದ ಮರಗಳು. ಕಾಲುವೆ ದಂಡೆ, ಬೀಳು ಹೊಲ, ರೈಲು ಹಳಿ ಪಕ್ಕ ಎಲ್ಲಿ ನೋಡಿದರೂ ಬೆಳೆದಿರುವ ಆ ಮುಳ್ಳು ಜಾಲಿಯೇ! ಅದು ಮೂಲದಲ್ಲಿ ಅಮೆರಿಕ ಖಂಡದ ಕಡೆಯಿಂದಲೇ ಬಂದ ಮರ. ಇದ್ದಿಲು ಗಟ್ಟಿ, ಕಾವು ಜೋರು, ಬಹಳ ಹೊತ್ತು ನಿಲ್ಲುತ್ತದೆ. ಹಸಿ ಕಟ್ಟಿಗೆ ಮಾತ್ರ ಹಾಕಬೇಡಿ, ಹೊಗೆಯಿಂದ ಕಹಿ ಬರುತ್ತದೆ. ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿ ಕೂತ ಮೇಲೆ ಮಾಂಸ ಇಡಬೇಕು.

ಒಳಗಿನ ಬಿಸಿ ಎಷ್ಟು ಅನ್ನೋದಕ್ಕೆ ಅಂದಾಜು ಸಾಲದು, ಥರ್ಮಾಮೀಟರ್ ಬೇಕು. ದನದ ಸ್ಟೇಕನ್ನು 52-55 ಡಿಗ್ರಿಗೆ ಇಳಿಸಿದರೆ ಒಳಗೆ ಕೆಂಪಾಗಿ ರಸವಾಗಿರುತ್ತದೆ, 60 ದಾಟಿದರೆ ನಸುಗೆಂಪು, 70 ದಾಟಿದರೆ ರಸ ಹಿಂಡಿ ಹೊರಗೆ ಬಂದಿರುತ್ತದೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ 63 ಡಿಗ್ರಿ, ಇಳಿಸಿದ ಮೇಲೆ 3 ನಿಮಿಷ ಬಿಡಬೇಕು ಅನ್ನುತ್ತದೆ. ನಮ್ಮ ಚಾಪ್ಸ್‌ಗೂ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಕೋಳಿಗೆ 74, ಕೈಮಾಕ್ಕೆ 71. ಇದರಲ್ಲಿ ರಾಜಿ ಇಲ್ಲ. ಕೈಮಾ ಮಾಡುವಾಗ ಮೇಲಿನ ಕ್ರಿಮಿಯೆಲ್ಲ ಒಳಗೆ ಕಲಸಿಹೋಗುತ್ತದೆ, ಅದಕ್ಕೇ ಸೀಖ್ ಕಬಾಬ್ ಒಳಗೆ ಕೆಂಪಿದ್ದರೆ ವಾಪಸ್ ಕಳಿಸಿ. ಚಾಪ್ಸ್‌ನಲ್ಲಿ ನಸುಗೆಂಪು ನೀರು ಕಂಡರೆ ‘ರಕ್ತ ಐತಿ’ ಅಂತ ವಾಪಸ್ ಕಳಿಸುವವರು ಬಹಳ. ಅದು ರಕ್ತ ಅಲ್ಲ. ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಕಲೆತ ನೀರು. ಆದರೂ ಪೂರ್ತಿ ಬೆಂದದ್ದೇ ಬೇಕು ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಅವರಿಗೆ ತೆಳ್ಳಗಿನ ತುಂಡು ಆರಿಸಿ, ಸಣ್ಣ ಕಾವಿನಲ್ಲಿ, ಮೇಲೆ ತುಪ್ಪ ಸವರುತ್ತಾ ಮಾಡಿಕೊಡುತ್ತೇನೆ. ಅದೂ ಒಳ್ಳೆ ಊಟವೇ.

ಇಳಿಸಿದ ಮೇಲೆ ಐದಾರು ನಿಮಿಷ ಮುಟ್ಟಬಾರದು. ಬಿಸಿಯಲ್ಲಿ ಬಿಗಿದ ಎಳೆ ಸಡಿಲವಾಗಿ, ರಸ ಸ್ವಲ್ಪ ದಪ್ಪವಾಗಿ ಒಳಗೇ ನಿಲ್ಲುತ್ತದೆ. ತಕ್ಷಣ ಕೊಯ್ದರೆ ಅದೆಲ್ಲ ತಟ್ಟೆಗೆ ಹರಿಯುತ್ತದೆ. ಸಿಜ್ಲರ್, ಅಂದರೆ ಅವತ್ತು ಹುಡುಗನ ಮುಂದೆ ಚುರ್ ಅಂತ ಬಂದ ಆ ಕಾದ ಕಬ್ಬಿಣದ ತಟ್ಟೆಯ ದೊಡ್ಡ ಕೊರತೆ ಇದೇ. ಸುಡುವ ಕಬ್ಬಿಣದ ಮೇಲೆ ಮಾಂಸ ಇಟ್ಟರೆ ಟೇಬಲಿಗೆ ಬಂದ ಮೇಲೂ ಅದು ಬೇಯುತ್ತಲೇ ಇರುತ್ತದೆ, ಮೇಲಿಂದ ಸಾಸ್ ಸುರಿದರೆ ಆ ನೀರಿನಲ್ಲಿ ಮತ್ತೆ ಕುದಿಯುತ್ತದೆ, ಕಷ್ಟಪಟ್ಟು ತಂದ ಕಂದು ಪದರವೂ ನೆನೆದು ಹೋಗುತ್ತದೆ. ಸಿಜ್ಲರ್ ಮಾಡಲೇಬೇಕು ಅಂದರೆ ಮಾಂಸವನ್ನು ಎಲೆಕೋಸಿನ ಎಲೆಯ ಮೇಲೆ ಇಟ್ಟು, ಸಾಸ್ ಬಟ್ಟಲಲ್ಲಿ ಬೇರೆ ಕೊಡಿ.

ಒಳ್ಳೆ ಊಟ ಎಲ್ಲಿ ಸಿಕ್ಕಿತು ಅಂತಲೂ ಹೇಳಬೇಕಲ್ವಾ. ಸಿರುಗುಪ್ಪ ರಸ್ತೆಯಲ್ಲಿ ಒಂದು ಸಣ್ಣ ಖಾನಾವಳಿ, ಆರು ಬೆಂಚು. ಅಲ್ಲಿನ ಅಮ್ಮ ಶುಕ್ರವಾರ ತಂದ ಚಾಪ್ ಭಾನುವಾರ ಮಾಡುತ್ತಾರೆ. “ಒಂದಿನ ತಣ್ಣಗ ಕುಂದ್ರಬೇಕಪ್ಪ ಅದು, ಇಲ್ಲಾಂದ್ರ ಹಲ್ಲಿಗೆ ಸಿಗ್ತೈತಿ” ಅಂದರು. ಮೆಣಸು, ಬೆಳ್ಳುಳ್ಳಿ, ಉಪ್ಪು, ಅಷ್ಟೇ. ಹಂಚಿನ ಮೇಲೆ ಒಂದು ಸಲಕ್ಕೆ ನಾಲ್ಕೇ ತುಂಡು. ಐದನೆಯದು ಇಡಿ ಅಂದರೂ ಇಡಲಿಲ್ಲ. ಇಳಿಸಿ ಜೋಳದ ರೊಟ್ಟಿ ಮುಚ್ಚಿಟ್ಟರು. ರೊಟ್ಟಿ ಬಡಿದು ಮುಗಿಯುವ ಹೊತ್ತಿಗೆ ಮಾಂಸ ತಯಾರು, ಮುಚ್ಚಿದ ರೊಟ್ಟಿಗೂ ರಸ ಇಳಿದಿತ್ತು.

ಹೋದ ಭಾನುವಾರ ಹುಡುಗ ಮನೆಗೆ ಬಂದ. ಎರಡು ದಿನ ಫ್ರಿಜ್ಜಿನಲ್ಲಿದ್ದ ಚಾಪ್ ತೆಗೆದು ಅವನ ಕೈಯಲ್ಲೇ ಒರೆಸಿಸಿದೆ. ಹಿತ್ತಲಲ್ಲಿ ಜಾಲಿ ಇದ್ದಿಲು ಹಚ್ಚಿದೆವು. ಚಟಪಟ ಸದ್ದು ಬಂದಾಗ ನನ್ನ ಮುಖ ನೋಡಿದ. 63ಕ್ಕೆ ಇಳಿಸಿ, ಮೇಲೆ ತಟ್ಟೆ ಮುಚ್ಚಿ, ಮೊಬೈಲಿನಲ್ಲಿ ಆರು ನಿಮಿಷ ಇಟ್ಟ. ನಾಲ್ಕಕ್ಕೇ ತಟ್ಟೆ ಎತ್ತೋಕೆ ಹೋದ, ಅವನ ಅಮ್ಮ ಕೈ ಹಿಡಿದಳು. ಆರಾದ ಮೇಲೆ ಚಾಕು ಹಾಕಿದ. ಎಲುಬಿನ ತನಕ ಒಂದೇ ಸಲಕ್ಕೆ ಇಳಿಯಿತು, ತಟ್ಟೆಯಲ್ಲಿ ಒಂದು ಚಮಚದಷ್ಟೂ ನೀರಿರಲಿಲ್ಲ. ಮೊದಲ ತುಂಡನ್ನು ಅವನ ಅಮ್ಮನಿಗೆ ಕೊಟ್ಟ.