ಬಿಪಿ ಸರಿ ಇದೆ, ಕಾಲು ಯಾಕೆ ತಣ್ಣಗಿದೆ?

ಡೆಂಗಿ ಜ್ವರದ ಐದನೇ ದಿನ. ರಾತ್ರಿ ಜ್ವರ ಬಿಟ್ಟಿದೆ. ಮನೆಯವರಿಗೆ ಹೋದ ಜೀವ ಬಂದಂತಾಗಿದೆ. ಹುಡುಗ ಮಾತ್ರ ಸುಮ್ನೆ ಬಿದ್ದುಕೊಂಡಿದ್ದಾನೆ. ಕರೆದರೆ ಕಣ್ಣು ಬಿಡುತ್ತಾನೆ, ಮತ್ತೆ ಮುಚ್ಚುತ್ತಾನೆ. ಮೂರು ಸಲ ವಾಂತಿಯಾಗಿದೆ, ಹೊಟ್ಟೆ ನೋವು ಅನ್ನುತ್ತಿದ್ದಾನೆ. ಬೆಳಗ್ಗೆಯಿಂದ ಮೂತ್ರ ಮಾಡಿಲ್ಲ. ಬಿಪಿ ನೋಡಿದರೆ 100/84. ‘ನೂರು ಇದೆಯಲ್ಲ, ನಾರ್ಮಲ್ಲು’ ಅನ್ನುತ್ತಾರೆ ಯಾರೋ. ಹೊದಿಕೆ ಸರಿಮಾಡಲು ಹೋದ ಅಜ್ಜಿಯ ಕೈ ಪಾದಕ್ಕೆ ತಾಗುತ್ತದೆ. ‘ಅಯ್ಯೋ, ಮಗು ಕಾಲು ಐಸ್ ಆಗಿದೆಯಲ್ರೋ!’

ಇಂಥದ್ದು ಡೆಂಗಿ ಸೀಸನ್ನಿನಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಈ ಕತೆಯಲ್ಲಿ ರೋಗ ಪತ್ತೆಹಚ್ಚಿದವಳು ಅಜ್ಜಿ. ಹುಡುಗ ಶಾಕ್‌ಗೆ ಜಾರುತ್ತಿದ್ದಾನೆ.

ಶಾಕ್ ಅಂದರೆ ನಮಗೆ ನೆನಪಾಗುವುದು ಕರೆಂಟು, ಇಲ್ಲವೇ ಕೆಟ್ಟ ಸುದ್ದಿ. ಡಾಕ್ಟರುಗಳು ಹೇಳುವ ಶಾಕ್ ಎರಡೂ ಅಲ್ಲ. ಮೈಯ ಅಂಗಾಂಗಗಳಿಗೆ ಬೇಕಾದಷ್ಟು ರಕ್ತ, ಅದರ ಜೊತೆ ಆಮ್ಲಜನಕ ತಲುಪದೆ ಹೋಗುವ ಸ್ಥಿತಿ ಅದು. ಬಿಪಿ ಬೀಳುವುದೇ ಶಾಕ್ ಅಂತ ಬಹಳ ಜನ ತಿಳಿದಿದ್ದಾರೆ. ಬಿಪಿ ಬೀಳುವುದು ಎಷ್ಟೋ ಸಲ ಕೊನೆಯ ಅಂಕ.

ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾದೀತು. ಬೋರಿನಲ್ಲಿ ನೀರು ಕಡಿಮೆಯಾದಾಗ ಏನು ಮಾಡುತ್ತೀರಿ? ಒಂದೆರಡು ಲೈನಿನ ವಾಲ್ವ್ ತಿರುಗಿಸಿ ಮುಚ್ಚುತ್ತೀರಿ. ಉಳಿದ ಲೈನಿಗೆ ಪ್ರೆಶರ್ ಸಿಗುತ್ತದೆ. ಮೋಟರ್ ಹತ್ತಿರದ ಗೇಜು ಚೆನ್ನಾಗಿಯೇ ತೋರಿಸುತ್ತದೆ. ಆದರೆ ತೋಟದ ಆ ತುದಿಯ ಗಿಡದ ಬುಡ ಒಣಗಿರುತ್ತದೆ. ನಮ್ಮ ಮೈ ಮಾಡುವುದೂ ಇದನ್ನೇ. ರಕ್ತ ಸಾಲದಾದಾಗ ಚರ್ಮ, ಕರುಳು, ಮೂತ್ರಪಿಂಡದ ರಕ್ತನಾಳಗಳನ್ನು ಬಿಗಿಹಿಡಿದು, ಇದ್ದಷ್ಟನ್ನು ಹೃದಯಕ್ಕೂ ಮಿದುಳಿಗೂ ಕಳಿಸುತ್ತದೆ. ಕೈಕಾಲು ತಣ್ಣಗಾಗುವುದು, ಮೂತ್ರ ನಿಲ್ಲುವುದು, ನಾಡಿ ಓಡುವುದು, ಎಲ್ಲ ಈ ವಾಲ್ವ್ ತಿರುಗಿಸಿದ ಗುರುತುಗಳು. ಐದು ಲೀಟರ್ ರಕ್ತವಿರುವ ಆರೋಗ್ಯವಂತ ಯುವಕ ಸುಮಾರು ಒಂದೂವರೆ ಲೀಟರ್ ಕಳೆದುಕೊಳ್ಳುವವರೆಗೂ ಬಿಪಿಯ ಮೇಲಿನ ಅಂಕಿ ಅಷ್ಟಾಗಿ ಕುಸಿಯದೆ ಇರಬಹುದು. ಮಕ್ಕಳು ಇನ್ನೂ ಗಟ್ಟಿ. ಕೊನೆತನಕ ತಡೆದುಕೊಂಡು, ಆಮೇಲೆ ಒಮ್ಮೆಲೇ ಕುಸಿಯುತ್ತಾರೆ.

ಡೆಂಗಿಯಲ್ಲಿ ರಕ್ತ ಹೊರಗೆ ಸುರಿಯಬೇಕೆಂದೇನಿಲ್ಲ. ರಕ್ತನಾಳದ ಗೋಡೆ ಸೋರಲು ಶುರುವಾಗಿ, ರಕ್ತದ ನೀರಿನಂಶ ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತದೆ. ಇದು ನಡೆಯುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ಅದೂ ಜ್ವರ ಇಳಿಯುವ ಹೊತ್ತಿಗೇ. ಎಲ್ಲರೂ ನಿರಾಳವಾಗುವ ಹೊತ್ತು ಅದು! ಸೋರಿಕೆ ಒಂದೆರಡು ದಿನ ಇರುತ್ತದೆ. ನಾವು ಲ್ಯಾಬ್ ರಿಪೋರ್ಟ್ ಬಂದ ಕೂಡಲೇ ಪ್ಲೇಟ್‌ಲೆಟ್ ಎಷ್ಟು ಅಂತ ಹುಡುಕುತ್ತೇವೆ, ಪಪ್ಪಾಯ ಎಲೆ ತರಲು ಓಡುತ್ತೇವೆ. ಅದೇ ಹಾಳೆಯಲ್ಲಿ ಪಿಸಿವಿ ಅಂತ ಇನ್ನೊಂದು ಸಾಲಿದೆ, ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಅಂತ ಹೇಳುವುದು. ಸಾರು ಬತ್ತಿದರೆ ಗಟ್ಟಿಯಾಗುತ್ತದಲ್ಲ, ಹಾಗೆ ನೀರು ಸೋರಿದ ರಕ್ತದಲ್ಲಿ ಈ ಅಂಕಿ ಏರುತ್ತದೆ. ಡಾಕ್ಟರ ಕಣ್ಣು ಅಲ್ಲಿರುತ್ತದೆ. ಬಿಪಿಯಲ್ಲೂ ಅವರು ನೋಡುವುದು ಎರಡು ಅಂಕಿಗಳ ನಡುವಿನ ಅಂತರವನ್ನು. ನಾಳ ಬಿಗಿಯಾದಂತೆ ಕೆಳಗಿನ ಅಂಕಿ ಮೇಲೇರುತ್ತದೆ. ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಡೆಂಗಿ ಶಾಕ್ ಎಂದೇ ಲೆಕ್ಕ. ಹುಡುಗನದು 100/84. ಅಂತರ 16.

ತೋಟದ ತುದಿಯ ಗಿಡ ನೋಡಲು ಒಂದು ಸುಲಭ ಉಪಾಯವಿದೆ. ಬೆರಳ ತುದಿಯನ್ನು ಬಿಳಿಚಿಕೊಳ್ಳುವಷ್ಟು ಒತ್ತಿ ಹಿಡಿದು ಬಿಡಿ. ಕೆಂಪು ಮರಳಲು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ರಕ್ತ ಅಲ್ಲಿಗೆ ಸರಿಯಾಗಿ ಬರುತ್ತಿಲ್ಲ. (ಚಳಿಯಲ್ಲಿ ನಿಂತವರಿಗೂ ಹೀಗಾಗುತ್ತದೆ, ಗಾಬರಿ ಬೇಡ.) ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳು ಸೇರಿ ಈ ಹಳೇ ಪರೀಕ್ಷೆಯನ್ನು ಲ್ಯಾಕ್ಟೇಟ್ ಎಂಬ ರಕ್ತಪರೀಕ್ಷೆಯ ಎದುರು ನಿಲ್ಲಿಸಿದವು. ಸೋಂಕಿನಿಂದ ಶಾಕ್ ಆದ 424 ಮಂದಿಯಲ್ಲಿ ಕೆಲವರಿಗೆ ಬೆರಳು ನೋಡಿ, ಉಳಿದವರಿಗೆ ಲ್ಯಾಕ್ಟೇಟ್ ನೋಡಿ ಚಿಕಿತ್ಸೆ ಕೊಟ್ಟರು. 2019ರಲ್ಲಿ ಫಲಿತಾಂಶ ಬಂತು. 28 ದಿನದೊಳಗೆ ಸತ್ತವರು ಬೆರಳಿನ ಗುಂಪಿನಲ್ಲಿ ನೂರಕ್ಕೆ 34.9, ಲ್ಯಾಕ್ಟೇಟ್ ಗುಂಪಿನಲ್ಲಿ 43.4. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಇದನ್ನು ಗೆಲುವು ಎನ್ನುವಂತಿಲ್ಲ, ಕೂದಲೆಳೆಯಲ್ಲಿ ತಪ್ಪಿತು. ಆದರೂ ಬಿಡಿಗಾಸು ಖರ್ಚಿಲ್ಲದ ಪರೀಕ್ಷೆ ಮಿಷಿನ್ನಿಗೆ ಸರಿಸಮ ನಿಂತಿತಲ್ಲ!

ಸರಿ, ಶಾಕ್ ಅಂತ ಗೊತ್ತಾಯಿತು. ಮುಂದೇನು? ನಮ್ಮಲ್ಲಿ ಅದಕ್ಕೆ ಒಂದೇ ಉತ್ತರ: ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿ’.

ನೀರೇ ಕಡಿಮೆಯಾಗಿದ್ದರೆ ನೀರು ತುಂಬುವುದು ಸರಿ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಕಾಲರಾದಿಂದ ನಾಡಿಯೇ ಸಿಗದಂತಾಗಿದ್ದ ಒಬ್ಬ ಮುದುಕಿಗೆ ಥಾಮಸ್ ಲಾಟಾ ಎಂಬ ವೈದ್ಯ ಉಪ್ಪು ನೀರನ್ನು ನೇರ ರಕ್ತನಾಳಕ್ಕೆ ಬಿಟ್ಟ. ಮೂರು ಲೀಟರಿನಷ್ಟು ಹೋಗುವ ಹೊತ್ತಿಗೆ ಒಳಗಿಳಿದಿದ್ದ ಕಣ್ಣಿಗೆ ಕಳೆ ಬಂತು, ಮಾತು ಬಂತು. ಗೆದ್ದೆ ಅಂದುಕೊಂಡು ಲಾಟಾ ಹೊರಟುಹೋದ. ಭೇದಿ ಮತ್ತೆ ಶುರುವಾಯಿತು. ಕೆಲವೇ ತಾಸಿನಲ್ಲಿ ಆಕೆ ತೀರಿಕೊಂಡಳು. ಹೋಗುತ್ತಲೇ ಇರುವಷ್ಟು ದಿನ ತುಂಬುತ್ತಲೇ ಇರಬೇಕು ಅನ್ನುವುದು ಹೀಗೆ ಜೀವ ತೆತ್ತು ಕಲಿತ ಪಾಠ. ಅಂದಹಾಗೆ, ಶಾಕ್‌ನಲ್ಲಿ ಬರಿಯ ಗ್ಲೂಕೋಸ್ ನೀರು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಅದರ ಬಹುಪಾಲು ರಕ್ತನಾಳದಲ್ಲಿ ನಿಲ್ಲದೆ ಜೀವಕೋಶಗಳಿಗೆ ಸೇರಿಹೋಗುತ್ತದೆ. ಹಾಗಾಗಿ ತುಂಬುವುದು ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್. ರಕ್ತ ಸುರಿದವರಿಗೆ ಬೇಕಾದ್ದು ರಕ್ತವೇ, ಜೊತೆಗೆ ಸುರಿಯುವುದನ್ನು ನಿಲ್ಲಿಸುವ ಕೈ.

ಆದರೆ ಕೆಟ್ಟಿರುವುದು ಮೋಟರ್ ಆಗಿದ್ದರೆ? ದೊಡ್ಡ ಹೃದಯಾಘಾತವಾದವರಿಗೂ ಕೈಕಾಲು ತಣ್ಣಗೆ, ಮೈಯೆಲ್ಲ ತಣ್ಣನೆ ಬೆವರು. ಹೊರಗಿನಿಂದ ರಕ್ತ ಹೋದವರ ಹಾಗೇ ಕಾಣುತ್ತಾರೆ. ವ್ಯತ್ಯಾಸವೇನೆಂದರೆ ಕತ್ತಿನ ನರ ಉಬ್ಬಿರುತ್ತದೆ, ಮಲಗಿಸಿದರೆ ಉಸಿರು ಕಟ್ಟುತ್ತದೆ. ಪಂಪಿನ ಹಿಂದೆ ರಕ್ತ ನಿಂತು ಪುಪ್ಪುಸಕ್ಕೆ ನೀರು ತುಂಬುತ್ತಿರುತ್ತದೆ. ಇವರಿಗೆ ಬಾಟ್ಲಿ ಮೇಲೆ ಬಾಟ್ಲಿ ಏರಿಸಿದರೆ ಮುಳುಗಿಸಿದಂತೆಯೇ. ಮುಚ್ಚಿದ ಹೃದಯದ ರಕ್ತನಾಳವನ್ನು ತೆರೆಯುವುದೇ ಅಲ್ಲಿ ಮುಖ್ಯ ಮದ್ದು.

ಇದರಲ್ಲಿ ನನಗೆ ತುಂಬ ಇಷ್ಟದ ಕತೆ ಕೊಂಕಣದ ಕೆಂಪು ಚೇಳಿನದು. ಈ ಚೇಳಿನ ವಿಷ ಮೈಯಲ್ಲಿ ಅಡ್ರಿನಲಿನ್ ಜಾತಿಯ ರಸಗಳ ಬಿರುಗಾಳಿ ಎಬ್ಬಿಸುತ್ತದೆ. ನಾಳಗಳೆಲ್ಲ ಬಿಗಿದು ಬಿಪಿ ಏರುತ್ತದೆ. ಆ ಬಿಗಿತದ ವಿರುದ್ಧ ತಳ್ಳಿ ತಳ್ಳಿ ಹೃದಯ ಸೋಲುತ್ತದೆ, ಪುಪ್ಪುಸದಲ್ಲಿ ನೊರೆ ತುಂಬುತ್ತದೆ. ಮಹಾರಾಷ್ಟ್ರದ ಮಹಾಡ್ ಸುತ್ತಮುತ್ತ ಕೆಲಸ ಮಾಡುತ್ತಿದ್ದ ಡಾ. ಹಿಮ್ಮತರಾವ್ ಬಾವಸ್ಕರ್ ಎಷ್ಟೋ ಮಕ್ಕಳು ಹೀಗೆ ಸಾಯುವುದನ್ನು ಕಂಡರು. ಹಾಸಿಗೆ ಪಕ್ಕ ಕೂತು ಗಂಟೆಗಂಟೆಗೂ ಬರೆದಿಟ್ಟರು. 1980ರ ದಶಕದಲ್ಲಿ ಅವರು ಕೊಡಲು ಶುರುಮಾಡಿದ್ದು ಪ್ರಾಜೋಸಿನ್ ಎಂಬ ಮಾತ್ರೆ. ಅದು ಬಿಪಿ ಇಳಿಸುವ ಮಾತ್ರೆ! ಹೃದಯ ಸೋಲುತ್ತಿರುವವರಿಗೆ ಬಿಪಿ ಇಳಿಸುವುದೇ? ಹೌದು. ಬಿಗಿದ ಪೈಪು ಸಡಿಲಾದರೆ ದಣಿದ ಮೋಟರಿಗೂ ತಳ್ಳಲು ಬರುತ್ತದೆ. ನೂರಕ್ಕೆ ಮೂವತ್ತರ ಆಸುಪಾಸು ಇದ್ದ ಸಾವು ಬೆರಳೆಣಿಕೆಗೆ ಇಳಿಯಿತು.

ಇನ್ನು ಪೈಪೇ ಹಿಗ್ಗಿ ಸಡಿಲವಾಗುವ ಶಾಕ್. ಇಲ್ಲಿ ಅಜ್ಜಿಯ ಪಾದಪರೀಕ್ಷೆ ಕೈಕೊಡಬಹುದು. ಸೋಂಕು ರಕ್ತಕ್ಕೇರಿ ನಂಜಾದಾಗ ಮೊದಮೊದಲು ಕೈಕಾಲು ಬೆಚ್ಚಗೇ ಇರುತ್ತವೆ, ಮುಖ ಕೆಂಪಗಿರುತ್ತದೆ. ವಯಸ್ಸಾದವರಿಗೆ ಜ್ವರವೂ ಬರದಿರಬಹುದು. ಸಕ್ಕರೆ ಕಾಯಿಲೆಯ ಅಜ್ಜ, ಕಾಲಲ್ಲಿ ಗಾಯ, ನಿನ್ನೆಯಿಂದ ಏನೇನೋ ಬಡಬಡಿಸುತ್ತಿದ್ದಾರೆ, ಏದುಸಿರು. ‘ವಯಸ್ಸಾಯ್ತಲ್ಲ’ ಅಂತ ಬಿಡುವ ಮಾತಲ್ಲ ಅದು. ಇದರ ಚಿಕಿತ್ಸೆಯಲ್ಲಿ ಗಡಿಯಾರ ಓಡುತ್ತಿರುತ್ತದೆ: ಆದಷ್ಟೂ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್, ಅಳತೆಯ ಸಲೈನ್, ಅದಕ್ಕೂ ಬಗ್ಗದಿದ್ದರೆ ನಾಳ ಬಿಗಿಸುವ ನಾರ್‌ಅಡ್ರಿನಲಿನ್.

ಅಡಿಕೆ ಮರದಿಂದ ಬಿದ್ದು ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟಾದವರಲ್ಲೂ ಬಿಪಿ ಬಿದ್ದಿರುತ್ತದೆ, ಆದರೆ ಕಾಲು ಬೆಚ್ಚಗೆ, ನಾಡಿ ನಿಧಾನ. ನಾಳಗಳಿಗೆ ‘ಬಿಗಿಹಿಡಿ’ ಅಂತ ಹೇಳುವ ತಂತಿಯೇ ತುಂಡಾಗಿದೆ. ಹಾಗಂತ ಒಳಗೆ ಎಲ್ಲೂ ರಕ್ತಸ್ರಾವವಿಲ್ಲ ಅಂತ ಮೊದಲೇ ಅಂದುಕೊಳ್ಳುವ ಹಾಗಿಲ್ಲ.

ಹೆಜ್ಜೇನು ಕಡಿದೋ, ಇಂಜೆಕ್ಷನ್ ಒಗ್ಗದೆಯೋ ನಿಮಿಷಗಳಲ್ಲಿ ಆಗುವ ಅಲರ್ಜಿ ಶಾಕ್‌ಗೆ ಮದ್ದು ಒಂದೇ. ಅಡ್ರಿನಲಿನ್, ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಮಾಂಸಖಂಡಕ್ಕೆ. ಅಲರ್ಜಿ ಇಂಜೆಕ್ಷನ್ನೂ ಸ್ಟಿರಾಯ್ಡೂ ಆಮೇಲಿನ ಮಾತು. ಅವನ್ನೇ ನಂಬಿ ಕೂತರೆ ಹೊತ್ತು ಮೀರುತ್ತದೆ. 108ಕ್ಕೆ ಕಾಯುವಾಗ ಮಲಗಿಸಿ ಕಾಲು ಎತ್ತಿಡಿ. ‘ಸ್ವಲ್ಪ ಎದ್ದು ಕೂತ್ಕೋ, ಗಾಳಿ ಬರಲಿ’ ಅನ್ನುವ ಉಪಚಾರ ಬೇಡ. ಒಮ್ಮೆಲೇ ಎದ್ದು ಕೂತಾಗ ಪ್ರಾಣ ಹೋದ ಉದಾಹರಣೆಗಳಿವೆ. ಉಸಿರೇ ಕಟ್ಟುತ್ತಿದ್ದರೆ ಮಾತ್ರ ಒರಗಿ ಕೂರಲಿ, ಕಾಲು ಚಾಚಿಕೊಂಡು.

ಪೈಪಿಗೆ ಅಡ್ಡ ಸಿಕ್ಕಿಕೊಂಡು ಆಗುವ ಶಾಕ್ ಕೂಡ ಇದೆ. ಹೃದಯದ ಸುತ್ತಲಿನ ಚೀಲದಲ್ಲಿ ನೀರು, ಎದೆಯಲ್ಲಿ ಸಿಕ್ಕಿಕೊಂಡ ಗಾಳಿ, ಪುಪ್ಪುಸದ ನಾಳದಲ್ಲಿ ಹೆಪ್ಪು. ಮೊದಲ ಎರಡಕ್ಕೆ ಒಂದು ಸೂಜಿ ಜೀವ ಉಳಿಸುತ್ತದೆ.

ಶಾಕ್ ಅಂದರೆ ಡ್ರಿಪ್ ಅನ್ನುವ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು ಆಫ್ರಿಕಾದಲ್ಲಿ. ಉಗಾಂಡ, ಕೆನ್ಯಾ, ಟಾಂಜಾನಿಯಾಗಳ ಆಸ್ಪತ್ರೆಗಳಿಗೆ ತೀವ್ರ ಜ್ವರದಿಂದ ಬಂದು, ಕೈಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದ 3141 ಮಕ್ಕಳನ್ನು ಗುಂಪು ಮಾಡಿ ನೋಡಿದರು. ವಾಂತಿಭೇದಿಯ ಮಕ್ಕಳು ಇದರಲ್ಲಿರಲಿಲ್ಲ. ವೇಗವಾಗಿ ಡ್ರಿಪ್ ಸುರಿದ ಗುಂಪುಗಳಲ್ಲಿ ಎರಡು ದಿನದೊಳಗೆ ನೂರಕ್ಕೆ ಹತ್ತೂವರೆ ಮಕ್ಕಳು ಸತ್ತರು. ಹಾಗೆ ಸುರಿಯದ ಗುಂಪಿನಲ್ಲಿ 7.3. ಅಧ್ಯಯನವನ್ನೇ ನಡುವೆ ನಿಲ್ಲಿಸಬೇಕಾಯಿತು. 2011ರಲ್ಲಿ ಇದು ಪ್ರಕಟವಾದಾಗ ನಂಬುವುದಕ್ಕೇ ಎಷ್ಟೋ ವೈದ್ಯರಿಗೆ ಕಷ್ಟವಾಯಿತು. ಡೆಂಗಿಯಲ್ಲೂ ಅಷ್ಟೇ. ಸೋರುವಾಗ ಅಳೆದು ಕೊಡಬೇಕು. ಸೋರಿಕೆ ನಿಂತಮೇಲೂ ಬಾಟ್ಲಿ ನೇತಾಡುತ್ತಿದ್ದರೆ, ಹೊರಗೆ ಸೋರಿದ್ದ ನೀರೆಲ್ಲ ವಾಪಸ್ ಬಂದು ಪುಪ್ಪುಸಕ್ಕೆ ತುಂಬಿಕೊಳ್ಳುತ್ತದೆ.

ಅಳತೆಯ ಮಾತು ಬಂದಾಗ ಬೆಳಗಾವಿಯನ್ನು ನೆನೆಯಲೇಬೇಕು. ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು? ಬಟ್ಟೆ, ಹಾಸಿಗೆ, ನೆಲ ನೋಡಿ ಅಂದಾಜು ಹೇಳುವುದು ಎಲ್ಲ ಕಡೆಯ ರೂಢಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನಕ್ಕಾಗಿ ಅಲ್ಲಿನ ಮೆಡಿಕಲ್ ಕಾಲೇಜಿನವರು, ಅಮೆರಿಕದ ಜೊತೆಗಾರರು ಸೇರಿ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಬಳಸಿದರು. ಅದರ ತುದಿಯಲ್ಲಿ ಅಳತೆಯ ಗೆರೆ ಹಾಕಿದ ಚೀಲ. ಎಎನ್‌ಎಂ ಸಿಸ್ಟರುಗಳೇ ಹೆರಿಗೆ ಮಾಡಿಸಿ, ಗರ್ಭಕೋಶ ಬಿಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು ನೋಡಿದರು. 1620 ತಾಯಂದಿರು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಜಗತ್ತಿಗೆ ಗೊತ್ತಾಯಿತು. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಕಣ್ಣಂದಾಜು ಚೀಲದ ಅಳತೆಗಿಂತ ಮೂರನೇ ಒಂದು ಭಾಗ ಕಡಿಮೆ ಹೇಳುತ್ತಿತ್ತು.

ಇಂಥದೇ ಅಳತೆ ಚೀಲ ಇಟ್ಟುಕೊಂಡು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2023ರಲ್ಲಿ ಬಂತು. 500 ಮಿಲಿಲೀಟರ್ ಗೆರೆ ಮುಟ್ಟಿದೊಡನೆ ಗರ್ಭಕೋಶ ತಿಕ್ಕುವುದು, ಅದನ್ನು ಬಿಗಿಸುವ ಮದ್ದು, ರಕ್ತ ಹೆಪ್ಪು ಒಡೆಯದಂತೆ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರು. ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ನೂರಕ್ಕೆ 60ರಷ್ಟು ತಗ್ಗಿದವು. ಗರ್ಭಿಣಿಯ ಮೈಯಲ್ಲಿ ರಕ್ತ ಮೊದಲೇ ಜಾಸ್ತಿ ಇರುತ್ತದೆ, ಹಾಗಾಗಿ ಬಾಣಂತಿ ಬೇರೆಯವರಿಗಿಂತ ಹೆಚ್ಚು ಹೊತ್ತು ತಡೆದುಕೊಳ್ಳುತ್ತಾಳೆ. ಚೀಲದಲ್ಲಿ ರಕ್ತ ಆ ಗೆರೆ ಮುಟ್ಟಿ ಸಿಸ್ಟರು ಕೆಲಸ ಶುರುಮಾಡುವ ಹೊತ್ತಿಗೆ ಅವಳ ಬಿಪಿ ಇನ್ನೂ 120/80 ಇರಬಹುದು.